ನೂರಕ್ಕೆ 15.60, ನೂರಕ್ಕೆ 14.95: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರಗಳು.

ಕರ್ನಾಟಕದ ಶಾಸಕರು ತಮ್ಮನ್ನು ಎರಡು ಸಲ ರಾಜ್ಯಸಭೆಗೆ ಆರಿಸಿ ಕಳಿಸಿದ್ದಾರೆ. ಆ ಲೆಕ್ಕದಲ್ಲಿ ತಾವು ನಮ್ಮ ಪ್ರತಿನಿಧಿಯೂ ಹೌದು. ಅದಕ್ಕೇ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಊರವರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸದವನು. ‘ದೊಡ್ಡವರು ತೆರಿಗೆ ಎಲ್ಲಿ ಕಟ್ತಾರೆ ಬಿಡಿ’ ಎಂಬ ಮಾತನ್ನು ದಿನಾ ಕೇಳುತ್ತೇನೆ. ಅದು ಪೂರ್ತಿ ನಿಜವಲ್ಲ. ದೇಶದ ಆದಾಯ ತೆರಿಗೆಯ ಬಹುಪಾಲು ಮೇಲಿನ ಕೆಲವೇ ಜನರಿಂದ ಬರುತ್ತದೆ. ಉಳಿದ ಕೋಟ್ಯಂತರ ಜನ ಜಿಎಸ್‌ಟಿ ಕಟ್ಟುತ್ತಾರೆ ಎನ್ನುವುದನ್ನು ಮರೆತು ‘ನಾವೇ ದೇಶ ಸಾಕುತ್ತಿದ್ದೇವೆ’ ಎನ್ನುವವರೂ ಇದ್ದಾರೆ. ಅವರ ವಿಷಯ ಈಗ ಬೇಡ. ನನ್ನ ತಕರಾರು ಯಾರು ಒಟ್ಟು ಎಷ್ಟು ಕಟ್ಟಿದರು ಎಂಬುದರ ಮೇಲಲ್ಲ, ಯಾವ ದರದಲ್ಲಿ ಕಟ್ಟಿದರು ಎಂಬುದರ ಮೇಲೆ.

ಹೊಸ ತೆರಿಗೆ ಪದ್ಧತಿಯಲ್ಲಿ 12ರಿಂದ 16 ಲಕ್ಷದ ಹಂತಕ್ಕೆ ಶೇ 15 ತೆರಿಗೆ, ಅದರ ಮೇಲೆ ಶೇ 4ರ ಸೆಸ್. ಹದಿನೈದು ಲಕ್ಷದ ಆಸುಪಾಸಿನಲ್ಲಿರುವ ಸಂಬಳದಾರನಿಗೆ ಇನ್ನೊಂದು ನೂರು ರೂಪಾಯಿ ಹೆಚ್ಚಿಗೆ ಬಂದರೆ ಅದರಲ್ಲಿ 15 ರೂಪಾಯಿ 60 ಪೈಸೆ ತಮಗೆ ಸೇರುತ್ತದೆ. ಈಗ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದ ಷೇರು ಮಾರಿ ನೂರು ಕೋಟಿ ಲಾಭ (ಇದಕ್ಕೇ ದೀರ್ಘಾವಧಿ ಲಾಭ ಎನ್ನುವುದು) ಮಾಡಿದವರನ್ನು ನೋಡಿ. ದರ ಶೇ 12.5. ಆದಾಯ ಎಷ್ಟೇ ಏರಿದರೂ ಈ ಲಾಭದ ಮೇಲಿನ ಸರ್ಚಾರ್ಜ್, ಅಂದರೆ ಹೆಚ್ಚು ಆದಾಯದವರ ತೆರಿಗೆಯ ಮೇಲೆ ಬೀಳುವ ಹೆಚ್ಚುವರಿ ತೆರಿಗೆ, ಶೇ 15ಕ್ಕೆ ನಿಂತುಬಿಡುತ್ತದೆ. ಸೆಸ್ ಸೇರಿಸಿ ಕೂಡಿದರೆ ನೂರಕ್ಕೆ 14 ರೂಪಾಯಿ 95 ಪೈಸೆ. ಇಬ್ಬರೂ ಕಳ್ಳಲೆಕ್ಕ ಬರೆದವರಲ್ಲ. ಕಾಯ್ದೆ ಹೇಳಿದಷ್ಟನ್ನೇ ಕಟ್ಟಿದ್ದಾರೆ.

ಒಟ್ಟು ತೆರಿಗೆಯನ್ನೇ ಹೋಲಿಸಬೇಕು ಎನ್ನುವಿರಾದರೆ ಅದೂ ಆಗಲಿ. ವರ್ಷಕ್ಕೆ ಒಂದು ಕೋಟಿ ಸಂಬಳವಿದ್ದವರು ಹೊಸ ಪದ್ಧತಿಯಲ್ಲಿ ಸುಮಾರು 29 ಲಕ್ಷದ 26 ಸಾವಿರ ಕಟ್ಟುತ್ತಾರೆ. ಅದೇ ಒಂದು ಕೋಟಿ ಪೂರ್ತಿ ಷೇರಿನ ದೀರ್ಘಾವಧಿ ಲಾಭವಾಗಿದ್ದರೆ ಹೆಚ್ಚುಕಡಿಮೆ 13 ಲಕ್ಷದ 55 ಸಾವಿರ. ಅರ್ಧವೂ ಇಲ್ಲ. ಸಂಬಳದಾರನ ತೆರಿಗೆ ಟಿಡಿಎಸ್ ಹೆಸರಲ್ಲಿ ತಿಂಗಳು ತಿಂಗಳೂ ಕೈಗೆ ಬರುವ ಮೊದಲೇ ಮುರಿದುಹೋಗುತ್ತದೆ. ಷೇರುದಾರ ಮಾರಿದಾಗ ಕಟ್ಟಿದರಾಯಿತು. ಮಾರಲೇಬೇಕೆಂದೂ ಇಲ್ಲ. ಕಂಪನಿಯ ಮಾಲೀಕರು ಷೇರು ಅಡವಿಟ್ಟು ಸಾಲ ಎತ್ತುತ್ತಾರೆ. ಸಾಲ ಆದಾಯವಲ್ಲ, ಆದ್ದರಿಂದ ತೆರಿಗೆಯೂ ಇಲ್ಲ. ಆಸ್ತಿ ಬೆಳೆಯುತ್ತಲೇ ಇರುತ್ತದೆ, ಖರ್ಚಿಗೆ ಹಣವೂ ಸಿಗುತ್ತದೆ, ರಿಟರ್ನ್‌ನ ಆದಾಯದ ಲೆಕ್ಕದಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ.

ಷೇರು ಮಾರಿದವರು ರಿಟರ್ನ್‌ನಲ್ಲಿ ತುಂಬುವ ಶೆಡ್ಯೂಲ್‌ನಲ್ಲಿ ಒಂದು ಅಂಕಣವಿದೆ: 31-1-2018ರಂದು ಆ ಷೇರಿನ ಬೆಲೆ ಎಷ್ಟಿತ್ತು? 2004ರಿಂದ 2018ರವರೆಗೆ ಷೇರಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯೇ ಇರಲಿಲ್ಲ. 2018ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿಯವರು ಶೇ 10ರ ತೆರಿಗೆಯನ್ನು ಮರಳಿ ತಂದರು. ತರುವಾಗ, ಆ ಜನವರಿ 31ರವರೆಗೆ ಏರಿದ್ದ ಬೆಲೆಯನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. 2005ರಲ್ಲಿ 10 ರೂಪಾಯಿಗೆ ಕೊಂಡ ಷೇರು ಆ ದಿನ 400 ಆಗಿದ್ದು, ಇವತ್ತು 500ಕ್ಕೆ ಮಾರಿದರೆ ತೆರಿಗೆ ಬೀಳುವುದು ಕೊನೆಯ ನೂರು ರೂಪಾಯಿಗೆ ಮಾತ್ರ. ನಡುವಿನ 390 ಶಾಶ್ವತವಾಗಿ ಮಾಫಿ. ಕಾನೂನನ್ನು ಹಿಂದಿನ ದಿನಾಂಕಕ್ಕೆ ಎಳೆಯಬಾರದು ಎಂಬ ವಾದ ನನಗೂ ಒಪ್ಪಿಗೆ. ಆದರೆ ಆ ಅಂಕಣ ತುಂಬುವಾಗೆಲ್ಲ, ಹದಿನಾಲ್ಕು ವರ್ಷಗಳ ಗಳಿಕೆ ಹೀಗೆ ಒಂದು ಸಾಲಿನಲ್ಲಿ ಕರಗಿಹೋಗುವುದನ್ನು ಕಂಡು ನನ್ನ ಕೈ ಒಂದು ಗಳಿಗೆ ತಡೆಯುತ್ತದೆ.

ತಮಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. 2019ರ ಜುಲೈನಲ್ಲಿ ತಮ್ಮ ಮೊದಲ ಬಜೆಟ್ ಮಂಡಿಸುವಾಗ, ಅತಿ ಹೆಚ್ಚು ಆದಾಯವಿರುವವರು ಹೆಚ್ಚು ಕೊಡಬೇಕು ಎಂದು ಹೇಳಿ, 5 ಕೋಟಿ ಮೀರಿದವರ ಸರ್ಚಾರ್ಜನ್ನು ಶೇ 37ಕ್ಕೆ ಏರಿಸಿದವರು ತಾವೇ. ಷೇರುಪೇಟೆ ಮುನಿಸಿಕೊಂಡಿತು. ಆಗಸ್ಟ್ ಕಳೆಯುವುದರೊಳಗೆ ಷೇರಿನ ಲಾಭದ ಮಟ್ಟಿಗೆ ಆ ಏರಿಕೆ ವಾಪಸ್ ಆಯಿತು. ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆಯ ಮೂಲ ದರ ಶೇ 30ರಿಂದ 22ಕ್ಕೆ ಇಳಿಯಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಸರ್ಕಾರವೇ ಹೇಳಿತು. 2023ರಲ್ಲಿ ಹೊಸ ಪದ್ಧತಿಯವರಿಗೆ 37ರ ಸರ್ಚಾರ್ಜ್ 25ಕ್ಕೆ ಬಂತು, ಗರಿಷ್ಠ ದರ ಶೇ 42.74ರಿಂದ 39ಕ್ಕೆ ಇಳಿಯಿತು. ಸಂಬಳದಾರ ಮುನಿಸಿಕೊಂಡರೆ ಸೂಚ್ಯಂಕ ಬೀಳುವುದಿಲ್ಲ, ಅದೇ ಅವನ ದೌರ್ಭಾಗ್ಯ.

ಒಳ್ಳೆಯದು ಮಾಡಿದ್ದನ್ನೂ ಹೇಳಬೇಕು. 2020ರಲ್ಲಿ ಡಿವಿಡೆಂಡನ್ನು (ಕಂಪನಿ ಷೇರುದಾರರಿಗೆ ಹಂಚುವ ಲಾಭಾಂಶ) ಪಡೆದವರ ಆದಾಯಕ್ಕೆ ಸೇರಿಸಿ ಅವರ ಹಂತಕ್ಕೆ ತಕ್ಕ ತೆರಿಗೆ ಹಾಕಿದಿರಿ. ಲಾಭದ ಹಣದಲ್ಲಿ ಮನೆ ಕೊಂಡು ತೆರಿಗೆ ಉಳಿಸುವ ದಾರಿಗೆ ಮೊದಲು ಮಿತಿಯೇ ಇರಲಿಲ್ಲ. 2023ರಲ್ಲಿ 10 ಕೋಟಿಯ ಗೆರೆ ಎಳೆದಿರಿ. 2024ರ ಜುಲೈನಲ್ಲಿ ದೀರ್ಘಾವಧಿ ದರ 10ರಿಂದ 12.5ಕ್ಕೆ ಏರಿತು. ದಿಕ್ಕು ಸರಿ ಇದೆ, ಹೆಜ್ಜೆ ಚಿಕ್ಕದು.

ಕಂಪನಿ ಈಗಾಗಲೇ ತೆರಿಗೆ ಕಟ್ಟಿದೆ, ಷೇರುದಾರನಿಗೆ ಮತ್ತೊಮ್ಮೆ ಯಾಕೆ ಎಂದು ಕೇಳುವವರಿದ್ದಾರೆ. ಕಂಪನಿಯ ದರವನ್ನೇ ಎಂಟು ಅಂಶ ಇಳಿಸಿದ ಮೇಲೆ ಆ ವಾದಕ್ಕೆ ಮೊದಲಿನ ತೂಕ ಉಳಿದಿಲ್ಲ. 2023–24ರಲ್ಲಿ ವ್ಯಕ್ತಿಗಳಿಂದ ಬಂದ ಆದಾಯ ತೆರಿಗೆ 10 ಲಕ್ಷ ಕೋಟಿ ದಾಟಿದರೆ ಕಂಪನಿಗಳಿಂದ ಬಂದದ್ದು 9 ಲಕ್ಷ ಕೋಟಿ ಚಿಲ್ಲರೆ. ದುಡ್ಡಿದ್ದವರು ದೇಶ ಬಿಟ್ಟುಹೋಗುತ್ತಾರೆ ಎಂಬ ಹೆದರಿಕೆ ಇನ್ನೊಂದು. ಅದನ್ನು ಒಂದೇ ದೇಶ ನಿಭಾಯಿಸುವುದು ಕಷ್ಟ, ನಿಜ. ಅದಕ್ಕೇ ಅಲ್ಲವೇ 2024ರಲ್ಲಿ ರಿಯೊದಲ್ಲಿ ಜಿ20 ದೇಶಗಳು ಅತಿ ಶ್ರೀಮಂತರಿಗೆ ಪರಿಣಾಮಕಾರಿಯಾಗಿ ತೆರಿಗೆ ಹಾಕಲು ಒಟ್ಟಾಗಿ ಕೆಲಸ ಮಾಡುತ್ತೇವೆ ಎಂದು ಘೋಷಿಸಿದ್ದು? ಅದರಲ್ಲಿ ಭಾರತವೂ ಇತ್ತು.

ಸಂಪತ್ತು ತೆರಿಗೆಯನ್ನು ಮರಳಿ ತನ್ನಿ ಎಂದು ನಾನು ಕಣ್ಣುಮುಚ್ಚಿ ಹೇಳಲಾರೆ. ಹಳೆಯದು ಕೆಟ್ಟದಾಗಿತ್ತು. 1957ರ ಆ ಕಾಯ್ದೆ ಕೊನೆಕೊನೆಗೆ ಒಡವೆ, ಕಾರು, ಖಾಲಿ ನಿವೇಶನಗಳನ್ನು ಹಿಡಿಯುತ್ತಿತ್ತು, ಷೇರನ್ನು ಮುಟ್ಟುತ್ತಿರಲಿಲ್ಲ. ದೊಡ್ಡ ಸಂಪತ್ತು ಇರುವುದೇ ಷೇರಿನಲ್ಲಿ. ಹಾಗಾಗಿ 2013–14ರಲ್ಲಿ ದೇಶಕ್ಕೆಲ್ಲ ಸೇರಿ ಬಂದದ್ದು 1,008 ಕೋಟಿ. ಇಷ್ಟಕ್ಕೆ ಯಾಕೆ ಈ ರಗಳೆ ಎಂದು ಜೇಟ್ಲಿಯವರು 2015ರಲ್ಲಿ ಅದನ್ನು ತೆಗೆದು, ಕೋಟಿ ಮೀರಿದ ಆದಾಯದವರಿಗೆ ಶೇ 2ರ ಸರ್ಚಾರ್ಜ್ ಹೆಚ್ಚಿಸಿದರು. ವಾರಸು ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲೇ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅವರು ಕೊನೆಗೊಳಿಸಿದ್ದರು. ಬಲೆಯ ಕಣ್ಣು ದೊಡ್ಡದಾಗಿದ್ದರೆ ಕಣ್ಣನ್ನು ಚಿಕ್ಕದು ಮಾಡಬೇಕಿತ್ತು, ಎರಡು ಸಲವೂ ಬಲೆಯನ್ನೇ ಎಸೆದೆವು.

ಸರ್ಚಾರ್ಜ್ ವಿಷಯದಲ್ಲಿ ಕರ್ನಾಟಕದವರಿಗೆ ಇನ್ನೊಂದು ಕಸಿವಿಸಿ ಇದೆ. ಸೆಸ್ ಮತ್ತು ಸರ್ಚಾರ್ಜ್ ರಾಜ್ಯಗಳ ಜೊತೆ ಹಂಚಿಕೊಳ್ಳುವ ಹಣವಲ್ಲ. ಶ್ರೀಮಂತರಿಂದ ಹೆಚ್ಚು ವಸೂಲು ಮಾಡುವುದನ್ನು ಸರ್ಚಾರ್ಜ್ ಮೂಲಕವೇ ಮಾಡಿದರೆ ಅದರಲ್ಲಿ ಯಾವ ರಾಜ್ಯಕ್ಕೂ ಪಾಲಿಲ್ಲ. ಮೂಲ ದರದಲ್ಲೇ ಸರಿಪಡಿಸಿದರೆ ಪಾಲು ಬರುತ್ತದೆ. ದೀರ್ಘಾವಧಿ ಲಾಭ ಒಂದು ಮಿತಿ ದಾಟಿದ ಮೇಲೆ, ಆ ಮಿತಿ ಒಂದು ಕೋಟಿಯೇ ಇರಲಿ, ಉಳಿದ ಲಾಭಕ್ಕೆ ಸಂಬಳದ ಹಂತಗಳೇ ಅನ್ವಯವಾಗಲಿ. ಎಸ್‌ಐಪಿಯಲ್ಲಿ ತಿಂಗಳಿಗಿಷ್ಟು ಕೂಡಿಡುವ ಮಧ್ಯಮ ವರ್ಗದವರಿಗೆ ಇದರಿಂದ ಕೂದಲೂ ಕೊಂಕುವುದಿಲ್ಲ.

ಅದಕ್ಕೂ ಮೊದಲು, ಖರ್ಚೇ ಇಲ್ಲದ ಒಂದು ಕೆಲಸವಿದೆ. ಒಂದು ಕೋಟಿಗಿಂತ ಹೆಚ್ಚು ಆದಾಯವಿರುವವರು ರಿಟರ್ನ್‌ನಲ್ಲಿ ಶೆಡ್ಯೂಲ್ ಎಎಲ್ ತುಂಬಿ ಆಸ್ತಿ, ಸಾಲ ಎರಡನ್ನೂ ತೋರಿಸಬೇಕು. ಮೊದಲು ಈ ಮಿತಿ 50 ಲಕ್ಷ ಇತ್ತು, ಈಚೆಗೆ ಏರಿಸಿದಿರಿ. ಅದರಲ್ಲಿ ಷೇರನ್ನು ಕೊಂಡ ಬೆಲೆಗೆ ತೋರಿಸಿದರೆ ಸಾಕು. ಕಂಪನಿ ಕಟ್ಟಿದವರು ಹತ್ತು ರೂಪಾಯಿ ಮುಖಬೆಲೆಗೆ ಪಡೆದ ಷೇರು ಇವತ್ತು ಸಾವಿರಗಟ್ಟಲೆ ಬಾಳುತ್ತಿದ್ದರೂ ಫಾರಂನಲ್ಲಿ ಅದು ಹತ್ತೇ. ಲಿಸ್ಟ್ ಆದ ಷೇರುಗಳಿಗೆ ಮಾರ್ಚ್ 31ರ ಮಾರುಕಟ್ಟೆ ಬೆಲೆಯ ಅಂಕಣವೊಂದನ್ನು ಸೇರಿಸಿ. ಡಿಮ್ಯಾಟ್ ಖಾತೆಯಲ್ಲಿ ಆ ಮಾಹಿತಿ ಸಿದ್ಧವಾಗಿಯೇ ಇರುತ್ತದೆ. ಮಿತಿಯನ್ನು 50 ಲಕ್ಷಕ್ಕೆ ಇಳಿಸಿ. ಆಮೇಲೆ ಹೆಸರು, ಪ್ಯಾನ್ ಏನೂ ಇಲ್ಲದೆ, ಇಷ್ಟು ಆಸ್ತಿಯ ಗುಂಪಿನವರು ಆ ವರ್ಷ ಒಟ್ಟು ಇಷ್ಟು ತೆರಿಗೆ ಕಟ್ಟಿದರು ಎಂಬ ಒಂದು ಪಟ್ಟಿಯನ್ನು ಸಂಸತ್ತಿನಲ್ಲಿ ಮಂಡಿಸಿ. ಕಾಯ್ದೆಗೆ ತಿದ್ದುಪಡಿಯ ಹಂಗಿಲ್ಲ, ಫಾರಂ ಬದಲಿಸಿದರೆ ಆಯಿತು.

ಮುಂದಿನ ಬಜೆಟ್‌ಗೆ ಮುನ್ನ ಆ ಪಟ್ಟಿ ಹೊರಬರುವುದೇ ಎಂದು ತಮ್ಮ ಕಚೇರಿಯಿಂದ ಉತ್ತರ ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ತೆರಿಗೆ ಸಲಹೆಗಾರ