ಕ್ಯಾಮೆರಾ ಸೆನ್ಸರ್ ಅರ್ಧಂಬರ್ಧ ಒರೆಸಿ, ಫಂಗಸ್ ಎಂದು ಬರೆದುಕೊಟ್ಟ ಬಗ್ಗೆ ದೂರು

ಇವರಿಂದ:
ನಿಮ್ಮ ಗ್ರಾಹಕ, ವೃತ್ತಿಯಲ್ಲಿ ಫೋಟೋಗ್ರಾಫರ್
ಮಡಿಕೇರಿ, ಕೊಡಗು ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
ಕ್ಯಾಮೆರಾ ಸರ್ವಿಸ್ ಸೆಂಟರ್, ಮೈಸೂರು

ದಿನಾಂಕ: ಮೇ 14

ವಿಷಯ: ಸೆನ್ಸರ್ ಕ್ಲೀನಿಂಗ್ ಸರಿಯಾಗಿ ಆಗದಿರುವುದು, ಹಾಗೂ ಪರೀಕ್ಷೆ ಮಾಡದೆ ‘ಫಂಗಸ್’ ಎಂದು ದಾಖಲೆಯಲ್ಲಿ ಬರೆದಿರುವುದು

ಮಾನ್ಯರೇ,

ಏಪ್ರಿಲ್ 28ರಂದು ನಿಮ್ಮ ಸೆಂಟರ್‌ನಲ್ಲಿ ನನ್ನ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾದೊಳಗೆ ಬೆಳಕನ್ನು ಹಿಡಿದು ಫೋಟೋ ಮಾಡುವ ಸೆನ್ಸರ್ ಕ್ಲೀನ್ ಮಾಡಲು ಕೊಟ್ಟಿದ್ದೆ. 1,800 ರೂಪಾಯಿ, ಜಿಎಸ್‌ಟಿ ಸೇರಿ 2,124 ರೂಪಾಯಿ ಕಟ್ಟಿದೆ. ಸೆನ್ಸರ್ ಕ್ಲೀನ್ ಆಗಲಿಲ್ಲ. ಮೊದಲು ಇಲ್ಲದ ಒಂದು ಕಲೆ ಹೊಸದಾಗಿ ಬಂತು. ಅದನ್ನು ಕೇಳಿದ್ದಕ್ಕೆ, ಕ್ಯಾಮೆರಾವನ್ನು ಮತ್ತೆ ಕೈಗೂ ತೆಗೆದುಕೊಳ್ಳದೆ, ‘ಕೊಡಗಿನ ಥಂಡಿಗೆ ಫಂಗಸ್ ಹಿಡಿದಿದೆ, ಸೆನ್ಸರ್ ಯೂನಿಟ್ ಬದಲಾಯಿಸಬೇಕು’ ಎಂದು 46,500 ರೂಪಾಯಿಯ ಅಂದಾಜು ಕಳಿಸಿದ್ದೀರಿ. ಹಣ ಹೋಗಿದ್ದಕ್ಕಿಂತ ಈ ಕೊನೆಯ ಮಾತು ನನಗೆ ಜಾಸ್ತಿ ನೋವು ಕೊಟ್ಟಿದೆ. ಅದು ತಪ್ಪು ಅನ್ನುವುದಕ್ಕೆ ಸಾಕ್ಷಿ ನನ್ನ ಹತ್ತಿರ ಇದೆ. ದಯವಿಟ್ಟು ಪೂರ್ತಿ ಓದಿ.

ಸೆನ್ಸರ್ ಮೇಲೆ ಧೂಳು ಕೂತಿದ್ದು ನನ್ನಿಂದಲೇ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ ಕೊಡವ ಕೌಟುಂಬಿಕ ಹಾಕಿ ಪಂದ್ಯಗಳ ಫೋಟೋ ತೆಗೆಯಲು ಹೋಗಿದ್ದೆ. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ ಅದು, ನಮಗೆಲ್ಲ ಮನೆಯ ಹಬ್ಬದ ಹಾಗೆ. ಬೇಸಿಗೆಯ ಮೈದಾನದಲ್ಲಿ ಕೆಂಪು ಧೂಳು ಏಳುತ್ತಿತ್ತು. ಆಟ ಜೋರಾಗಿದ್ದಾಗ ಗೆರೆಯ ಪಕ್ಕದಲ್ಲೇ ನಿಂತು ಮೂರು ನಾಲ್ಕು ಸಲ ಲೆನ್ಸ್ ಬದಲಾಯಿಸಿದೆ. ಮುಂದಿನ ವಾರ ಒಂದು ಹೋಮ್‌ಸ್ಟೇಗಾಗಿ ಮಾಂದಲಪಟ್ಟಿಯಲ್ಲಿ ಬೆಟ್ಟಗಳ ಫೋಟೋ ತೆಗೆದಾಗ ನೀಲಿ ಆಕಾಶದಲ್ಲಿ ಬೂದು ಚುಕ್ಕೆಗಳು ಕಂಡವು.

ಚುಕ್ಕೆ ಕಂಡ ಕೂಡಲೇ ನಿಮ್ಮ ಹತ್ತಿರ ಓಡಿ ಬರಲಿಲ್ಲ. ಮೊದಲು ಅದು ಲೆನ್ಸಿನದೋ ಸೆನ್ಸರ್‌ನದೋ ನೋಡಿದೆ. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ಲೆನ್ಸಿನ ಫೋಕಸ್ ಬೇಕೆಂದೇ ತಪ್ಪಿಸಿ, ಐಎಸ್‌ಒ 100, ಲೆನ್ಸಿನ ಬಾಯಿ ತೀರ ಕಿರಿದಾಗುವ ಎಫ್22 ಇಟ್ಟು, ಶಟರ್ ತೆರೆದಿದ್ದಾಗ ಕ್ಯಾಮೆರಾವನ್ನು ನಿಧಾನಕ್ಕೆ ಅಲ್ಲಾಡಿಸುತ್ತಾ ಫೋಟೋ ತೆಗೆದೆ. ಹೀಗೆ ಮಾಡಿದರೆ ಪರದೆಯ ಮೇಲಿನ ಕೊಳೆ ಎಲ್ಲ ಕಲಸಿ ಹೋಗುತ್ತದೆ. ಸೆನ್ಸರ್ ಮೇಲಿನದು ಮಾತ್ರ ಇದ್ದಲ್ಲೇ ನಿಲ್ಲುತ್ತದೆ. 11 ಚುಕ್ಕೆ ಸಿಕ್ಕವು. ಬೇರೆ ಲೆನ್ಸ್ ಹಾಕಿ ತೆಗೆದೆ, ಅವೇ 11, ಅದೇ ಜಾಗದಲ್ಲಿ. ಕ್ಯಾಮೆರಾದೊಳಗೇ ಇರುವ ನಡುಗಿಸಿ ಧೂಳು ಉದುರಿಸುವ ಕ್ಲೀನಿಂಗನ್ನು ಐದಾರು ಸಲ ಓಡಿಸಿದೆ. ಆಮೇಲೆ ಲೆನ್ಸ್ ಕಳಚಿದ ಕ್ಯಾಮೆರಾ ಬಾಡಿಯನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿದೆ. ಏಳು ಹೋದವು, ನಾಲ್ಕು ಉಳಿದವು. ಅವು ಅಂಟಿಕೊಂಡ ಧೂಳು, ಗಾಳಿಗೆ ಬಗ್ಗುವುದಿಲ್ಲ.

ಹಳೆಯ ಕ್ಯಾಮೆರಾ ಆಗಿದ್ದರೆ ನಾನೇ ಸ್ವಾಬ್, ಅಂದರೆ ಸೆನ್ಸರ್ ಒರೆಸುವ ಮೆತ್ತನೆ ತುದಿಯ ಕಡ್ಡಿ, ಹಾಕಿ ಒರೆಸುತ್ತಿದ್ದೆ. ಆದರೆ ಇದು ಇನ್ನೂ ವಾರಂಟಿಯಲ್ಲಿದೆ. ಕೈ ನಡುಕ ತಡೆಯಲೆಂದು ಸೆನ್ಸರ್ ತಾನೇ ಅಲುಗಾಡುವ ಬಗೆಯ ಕ್ಯಾಮೆರಾ ಇದು, ಅದರ ಮೇಲೆ ಒತ್ತುವ ಧೈರ್ಯ ಬರಲಿಲ್ಲ. ಗೊತ್ತಿರುವವರ ಕೈಗೇ ಕೊಡೋಣ ಎಂದು ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ನಿಮ್ಮಲ್ಲಿಗೆ ಬಂದೆ. ಬರುವಾಗ ಪರೀಕ್ಷೆಯ ಫೋಟೋದ ಪ್ರಿಂಟ್ ತಂದು, ನಾಲ್ಕೂ ಚುಕ್ಕೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೌಂಟರ್‌ನಲ್ಲಿ ಕೊಟ್ಟೆ. ಮೂರು ಚುಕ್ಕೆ ಫೋಟೋದ ಮೇಲ್ಭಾಗದಲ್ಲಿ, ಒಂದು ಕೆಳಗೆ ಬಲಮೂಲೆಯ ಹತ್ತಿರ. ಬಿಂಬ ತಲೆಕೆಳಗಾಗಿ ಬೀಳುವುದರಿಂದ ಮೇಲಿನ ಮೂರು ಸೆನ್ಸರ್‌ನ ಕೆಳಭಾಗದಲ್ಲಿ ಇರುತ್ತವೆ ಅಂತಲೂ ಹೇಳಿದೆ. ಆ ಪ್ರಿಂಟನ್ನು ಜಾಬ್ ಶೀಟ್ ಜೊತೆ ಪಿನ್ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಿಮ್ಮ ಫೈಲಿನಲ್ಲಿ ಅದು ಇರಲೇಬೇಕು.

ಸಂಜೆ ಐದೂವರೆಗೆ ಕ್ಯಾಮೆರಾ ಕೈಗೆ ಕೊಟ್ಟರು. ‘ಕ್ಲೀನ್ ಮಾಡುವ ಮೊದಲು ಮತ್ತು ಆಮೇಲೆ ತೆಗೆದ ಫೋಟೋ ಕೊಡಿ’ ಎಂದೆ. ‘ಅದೆಲ್ಲ ಕೊಡುವ ಪದ್ಧತಿ ಇಲ್ಲ ಸರ್’ ಎಂದರು. ನನ್ನ ಮುಂದೆಯೇ ಗೋಡೆಯದೊಂದು ಫೋಟೋ ತೆಗೆದು, ‘ನೋಡಿ, ಒಂದೂ ಚುಕ್ಕೆ ಇಲ್ಲ’ ಎಂದು ತೋರಿಸಿದರು. ನಿಜಕ್ಕೂ ಒಂದೂ ಕಾಣಲಿಲ್ಲ. ಕೊನೆಯ ಬಸ್ಸಿನ ಹೊತ್ತಾಗುತ್ತಿತ್ತು, ನಂಬಿ ಹೊರಟೆ. ಆ ಫೋಟೋ ನನ್ನ ಕಾರ್ಡಿನಲ್ಲೇ ಇತ್ತು. ಮನೆಗೆ ಬಂದು ತೆರೆದು ನೋಡಿದರೆ ಅದನ್ನು ತೆಗೆದದ್ದು ಲೆನ್ಸಿನ ಬಾಯಿ ಅಗಲವಾಗಿರುವ ಎಫ್4ರಲ್ಲಿ!

ಎಫ್4ರಲ್ಲಿ ತೆಗೆದರೆ ಸೆನ್ಸರ್ ಮೇಲೆ ಎಷ್ಟು ಧೂಳಿದ್ದರೂ ಕಾಣುವುದೇ ಕಷ್ಟ. ಧೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿರುವ ತೆಳುಗಾಜಿನ ಮೇಲೆ. ನಮಗೆ ಕಾಣುವುದು ಆ ಕಣದ ನೆರಳು. ಮಡಿಕೇರಿಯಲ್ಲಿ ಮಂಜು ಕವಿದ ದಿನ ಮನುಷ್ಯನ ನೆರಳು ನೆಲದ ಮೇಲೆ ಕಾಣುತ್ತದೆಯೇ? ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ನೆರಳು ಕರಗಿ ಹೋಗುತ್ತದೆ. ಲೆನ್ಸಿನ ಬಾಯಿ ಅಗಲವಾಗಿದ್ದಾಗ ಆಗುವುದೂ ಇದೇ. ಎಫ್16, ಎಫ್22ಕ್ಕೆ ಕಿರಿದು ಮಾಡಿದಾಗ ಬಿಸಿಲಿನ ದಿನದ ಹಾಗೆ ನೆರಳು ಚೂಪಾಗಿ ಬೀಳುತ್ತದೆ. ದಿನವೂ ಸೆನ್ಸರ್ ಒರೆಸುವವರಿಗೆ ಇದು ಗೊತ್ತಿರಲೇಬೇಕು, ಅಲ್ವಾ? ಗೊತ್ತಿಲ್ಲದೆ ಹಾಗೆ ತೋರಿಸಿದ್ದರೆ ಅವರಿಗೆ ತರಬೇತಿ ಬೇಕು. ಗೊತ್ತಿದ್ದೂ ತೋರಿಸಿದ್ದರೆ ಅದು ಮೋಸ. ಎರಡರಲ್ಲಿ ಯಾವುದೆಂದು ನೀವೇ ವಿಚಾರಿಸಿ ಹೇಳಿ.

ಅಂದು ರಾತ್ರಿಯೇ ಎಫ್22ರಲ್ಲಿ ಪರೀಕ್ಷೆ ಮಾಡಿದೆ. ಕೆಳಗಿನ ಬಲಮೂಲೆಯ ಚುಕ್ಕೆ ಹೋಗಿತ್ತು. ಮೇಲಿನ ಮೂರೂ ಕೂದಲೆಳೆಯಷ್ಟೂ ಜರುಗದೆ ಹಾಗೇ ಇದ್ದವು. ಜೊತೆಗೆ ಫೋಟೋದ ಎಡ ಅಂಚಿನಿಂದ ಬಲ ಅಂಚಿನವರೆಗೆ ಒಂದು ಅಡ್ಡಗೆರೆ, ಒಣಗಿದ ನೀರಿನ ಗುರುತಿನ ಹಾಗೆ. ಬಲ ಅಂಚಿನಲ್ಲಿ ಆ ಗೆರೆ ಒಂದು ಸಣ್ಣ ಉಂಗುರವಾಗಿ ನಿಂತಿದೆ, ಕ್ಲೀನಿಂಗ್ ದ್ರಾವಣದ ಹನಿ ಅಲ್ಲೇ ನಿಂತು ಒಣಗಿದ ಹಾಗೆ.

ಈ ಗೆರೆಯನ್ನೇ ನೀವು ಫಂಗಸ್ ಎನ್ನುತ್ತಿರುವುದು. ಆದ್ದರಿಂದ ಇದರ ಲೆಕ್ಕ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ.

ನನ್ನ ಕ್ಯಾಮೆರಾದ ಫೋಟೋ 6,000 ಪಿಕ್ಸೆಲ್ ಅಗಲ, 4,000 ಪಿಕ್ಸೆಲ್ ಎತ್ತರ. ಗೆರೆ ಇರುವುದು ಮೇಲಿನಿಂದ ಸುಮಾರು 1,330 ಪಿಕ್ಸೆಲ್ ಕೆಳಗೆ. ಅಂದರೆ ಸರಿಯಾಗಿ ಮೂರರಲ್ಲಿ ಒಂದು ಪಾಲು. ಫುಲ್ ಫ್ರೇಮ್ ಸೆನ್ಸರ್‌ನ ಎತ್ತರ 24 ಮಿಲಿಮೀಟರ್. ಅದರಲ್ಲಿ ಮೂರನೇ ಒಂದು ಪಾಲು 8 ಮಿಲಿಮೀಟರ್, ಉಳಿದದ್ದು 16. ಎಪಿಎಸ್-ಸಿ ಎನ್ನುವ ಚಿಕ್ಕ ಸೆನ್ಸರ್‌ಗೆ ಬಳಸುವ ಸ್ವಾಬಿನ ಅಗಲ ಎಷ್ಟು? 16 ಮಿಲಿಮೀಟರ್. ಫುಲ್ ಫ್ರೇಮ್‌ಗೆ ಬೇಕಾದದ್ದು 24 ಮಿಲಿಮೀಟರ್‌ನದು. ನಿಮ್ಮ ಟೆಕ್ನಿಷಿಯನ್ ಚಿಕ್ಕ ಸ್ವಾಬ್ ತೆಗೆದುಕೊಂಡು ದೊಡ್ಡ ಸೆನ್ಸರ್ ಮೇಲೆ ಎಳೆದಿದ್ದಾರೆ ಎಂದೇ ನನ್ನ ನಂಬಿಕೆ. ಸ್ವಾಬ್ ಹೋದಲ್ಲಿದ್ದ ಒಂದು ಚುಕ್ಕೆ ಹೋಯಿತು. ಸ್ವಾಬ್ ಮುಟ್ಟದ 8 ಮಿಲಿಮೀಟರ್ ಪಟ್ಟಿಯಲ್ಲಿದ್ದ ಮೂರು ಉಳಿದವು. ಸ್ವಾಬಿನ ಅಂಚು ಹಾದುಹೋದ ಜಾಗದಲ್ಲಿ ಹೆಚ್ಚಾದ ದ್ರಾವಣ ಒಣಗಿ ಗೆರೆಯಾಯಿತು. ಒಂದೆರಡು ಹನಿ ಸಾಕಾಗುವಲ್ಲಿ ತುಂಬ ಹಾಕಿದರೆ ಆಗುವುದೇ ಹೀಗೆ.

ಸ್ಕೇಲ್ ಇಟ್ಟು ಎಳೆದ ಹಾಗೆ ನೇರವಾಗಿ, ಮೂರನೇ ಒಂದು ಪಾಲಿಗೆ ಸರಿಯಾಗಿ ಬೆಳೆಯುವ ಫಂಗಸ್ ಇದೆಯೇ? ಅದೂ ಬೆಳಿಗ್ಗೆ ಇಲ್ಲದ್ದು, ಸಂಜೆ ನಿಮ್ಮ ಬಾಗಿಲು ದಾಟುವಷ್ಟರಲ್ಲಿ? 28ರ ಬೆಳಿಗ್ಗೆ ಬಸ್ ಹತ್ತುವ ಮೊದಲು ತೆಗೆದ ಪರೀಕ್ಷೆಯ ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಫೈಲ್, ಇದೆ, ಅದರಲ್ಲಿ ಗೆರೆ ಇಲ್ಲ. ಅದೇ ರಾತ್ರಿ ತೆಗೆದದ್ದರಲ್ಲಿ ಇದೆ.

ಫಂಗಸ್ ಹೇಗಿರುತ್ತದೆ ಅಂತ ಕೊಡಗಿನವರಿಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲೂ ಒಣಗದ ಊರು ನಮ್ಮದು. ಚರ್ಮದ ಬೆಲ್ಟಿಗೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ನನ್ನದೇ ಹಳೆಯ 50 ಎಂಎಂ ಲೆನ್ಸೊಂದು ಫಂಗಸ್‌ಗೆ ಹೋಯಿತು. ಜೇಡರ ಬಲೆಯ ಎಳೆಗಳ ಹಾಗೆ, ಜರೀಗಿಡದ ಎಲೆಯ ಹಾಗೆ ಕವಲೊಡೆದು ಹರಡಿತ್ತು ಅದು. ಅಂದಿನಿಂದ ಬಾಡಿ, ಲೆನ್ಸ್ ಎಲ್ಲವನ್ನೂ ತೇವ 45 ಪರ್ಸೆಂಟ್ ಇರುವ ಡ್ರೈ ಕ್ಯಾಬಿನೆಟ್‌ನಲ್ಲೇ ಇಡುತ್ತೇನೆ. ನಿಮ್ಮವರು ಅದನ್ನು ಕೇಳಲೂ ಇಲ್ಲ. ಮಡಿಕೇರಿ ಎಂದ ಕೂಡಲೇ ಫಂಗಸ್ ಎಂದುಬಿಟ್ಟರು. ಊರಿನ ಹೆಸರು ಕೇಳಿ ರೋಗ ಹೇಳುವುದು ಸರಿಯಲ್ಲ. ಅನುಮಾನವಿದ್ದರೆ ಕ್ಯಾಮೆರಾ ತರಿಸಿ, ಲೈಟಿರುವ ಭೂತಗನ್ನಡಿ ಇಟ್ಟು ಗಾಜಿನ ಮೇಲೆ ನೋಡಬೇಕಿತ್ತು.

ಗೆರೆ ಕಂಡ ಮೇಲೂ ಮತ್ತೆ ಮೈಸೂರಿಗೆ ಬರಲು ನನಗೆ ಪುರುಸೊತ್ತಿರಲಿಲ್ಲ. ಮೇ 1ಕ್ಕೆ ವಿರಾಜಪೇಟೆ ಕಡೆ ಒಂದು ಕೊಡವ ಮದುವೆ ಒಪ್ಪಿಕೊಂಡಿದ್ದೆ. ಬೇರೆ ಬಾಡಿ ಇಲ್ಲ. ಮಂಟಪದೊಳಗಿನ ಫೋಟೋಗಳಿಗೆ ತೊಂದರೆ ಆಗಲಿಲ್ಲ, ಅವೆಲ್ಲ ಎಫ್2.8ರಲ್ಲಿ ತೆಗೆದವು. ಆದರೆ ಕುಲದ ಮೂಲಮನೆಯಾದ ಐನ್‌ಮನೆಯ ಮೆಟ್ಟಿಲ ಮೇಲೆ ಇಡೀ ಒಕ್ಕದವರನ್ನು, ಅಂದರೆ ಕುಲದವರನ್ನು, ನಿಲ್ಲಿಸಿದಾಗ ಹಿಂದಿನ ಸಾಲಿನವರೂ ಸ್ಪಷ್ಟವಾಗಿ ಬರಬೇಕಲ್ಲ, ಎಫ್11 ಇಡಲೇಬೇಕಾಯಿತು. ನಡು ಮಧ್ಯಾಹ್ನದ ಬಿಸಿಲು, ಮೇಲೆ ಖಾಲಿ ಆಕಾಶ. ಅಡ್ಡ ಫೋಟೋಗಳಲ್ಲಿ ಮೂರೂ ಚುಕ್ಕೆ ಆಕಾಶದಲ್ಲಿ ಬಿದ್ದವು. ಕ್ಯಾಮೆರಾ ತಿರುಗಿಸಿ ತೆಗೆದ ಮದುಮಕ್ಕಳಿಬ್ಬರ ಉದ್ದ ಫೋಟೋಗಳಲ್ಲಿ ಗೆರೆ ಇಬ್ಬರ ಮಧ್ಯೆ ಮೇಲಿಂದ ಕೆಳಗೆ ಇಳಿದಿದೆ. ಒಂದು ಚುಕ್ಕೆ ಮದುಮಗನ ಬಿಳಿ ನಿಲುವಂಗಿ ಕುಪ್ಯದ ಮೇಲೆ, ಸೊಂಟಕ್ಕೆ ಕಟ್ಟಿದ ಕೆಂಪು ಚೇಲೆಯಿಂದ ನಾಲ್ಕು ಬೆರಳು ಮೇಲೆ ಕೂತಿದೆ. ಮೊದಲ ಕೆಲವು ಫೋಟೋಗಳನ್ನು ಮನೆಯವರಿಗೆ ಅವಸರದಲ್ಲಿ ಕಳಿಸಿದ್ದೆ. ಮದುಮಗನ ಅಜ್ಜಿ ಫೋನಿನಲ್ಲಿ ದೊಡ್ಡದು ಮಾಡಿ ನೋಡಿ, ‘ಕುಪ್ಯಕ್ಕೆ ಕಲೆ ಯಾವಾಗ ಆಯಿತು, ಯಾರೂ ನೋಡಲಿಲ್ಲವಲ್ಲ’ ಎಂದು ಬೇಜಾರು ಮಾಡಿಕೊಂಡರಂತೆ. ಆ ಕುಪ್ಯ ಅಜ್ಜನ ಕಾಲದ್ದು. ಬಟ್ಟೆಯಲ್ಲಿ ಕಲೆ ಇಲ್ಲ, ಕ್ಯಾಮೆರಾದಲ್ಲಿ ಇರುವುದು ಎಂದು ಆ ಹಿರಿಯರಿಗೆ ತಿಳಿಸಿ ಹೇಳುವಾಗ ನನಗೆ ತಲೆ ಎತ್ತಲು ಆಗಲಿಲ್ಲ.

ಆಕಾಶದ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ಬೇಗ ಅಳಿಸಬಹುದು. ಕುಪ್ಯದ ಮಡಿಕೆಯ ಮೇಲಿನದನ್ನು ಒಂದೊಂದಾಗಿ ಕೈಯಲ್ಲೇ ತಿದ್ದಬೇಕು. 212 ಫೋಟೋ, ಮೂರು ರಾತ್ರಿ.

ಮೇ 4ರಂದು ಫೋನ್ ಮಾಡಿದೆ, ಪರೀಕ್ಷೆಯ ಫೋಟೋ ಮೇಲ್ ಮಾಡಿದೆ. 6ರಂದು ವಾಟ್ಸ್ಆಪ್‌ನಲ್ಲಿ ನಿಮ್ಮ ಅಂದಾಜು ಬಂತು. ಅದರ ಜೊತೆಯಲ್ಲಿದ್ದ ಜಾಬ್ ಶೀಟಿನ ಪ್ರತಿಯಲ್ಲಿ, ನನ್ನ ಕ್ಯಾಮೆರಾದ ಸೀರಿಯಲ್ ನಂಬರ್ ಪಕ್ಕದಲ್ಲೇ, ‘ಫಂಗಸ್, ಗ್ರಾಹಕರ ಬಳಕೆಯಿಂದ’ ಎಂದು ಸೇರಿಸಿದ್ದಾರೆ. ಏಪ್ರಿಲ್ 28ರಂದು ನನಗೆ ಕೊಟ್ಟ ಪ್ರತಿಯಲ್ಲಿ ಈ ಸಾಲು ಇಲ್ಲ. ನಾಳೆ ಇನ್ಯಾವುದೋ ಭಾಗ ಕೆಟ್ಟರೂ ಈ ಸಾಲನ್ನು ತೋರಿಸಿ ವಾರಂಟಿ ಇಲ್ಲ ಎನ್ನಬಹುದು. ಮಾರಲು ಹೋದರೆ ಬೆಲೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಇದನ್ನು ಸುಮ್ನೆ ಬಿಡಲು ಆಗುವುದಿಲ್ಲ.

ಧೂಳು ವಾರಂಟಿಗೆ ಬರುವುದಿಲ್ಲ ಎಂದು ನಿಮ್ಮವರು ಎರಡು ಸಲ ಹೇಳಿದರು. ನಾನು ಬಿಟ್ಟಿಯಾಗಿ ಕೇಳಿಲ್ಲ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಆಗಿಲ್ಲ ಎನ್ನುತ್ತಿದ್ದೇನೆ. ಇದೇ ಉದ್ಯಮದಲ್ಲಿ, 2014ರ ಫೆಬ್ರವರಿಯಲ್ಲಿ ನಿಕಾನ್ ಕಂಪನಿ ಡಿ600 ಕ್ಯಾಮೆರಾದ ಚುಕ್ಕೆಗಳ ವಿಷಯದಲ್ಲಿ, ವಾರಂಟಿ ಮುಗಿದಿದ್ದರೂ ಉಚಿತವಾಗಿ ಪರಿಶೀಲಿಸಿ, ಕ್ಲೀನ್ ಮಾಡಿ, ಶಟರ್ ಬದಲಾಯಿಸಿಕೊಡುವುದಾಗಿ ಪ್ರಕಟಿಸಿತು. ಅಷ್ಟು ದೊಡ್ಡದೇನನ್ನೂ ನಾನು ಕೇಳುತ್ತಿಲ್ಲ.

ಸೆನ್ಸರ್ ಅನ್ನು ಇನ್ನೊಮ್ಮೆ, ಸರಿಯಾದ 24 ಮಿಲಿಮೀಟರ್ ಸ್ವಾಬಿನಿಂದ, ಹಣ ತೆಗೆದುಕೊಳ್ಳದೆ ಕ್ಲೀನ್ ಮಾಡಿಕೊಡಿ. ಸ್ವಾಬಿನ ಒಂದು ಬದಿಯಲ್ಲಿ ಒಂದೇ ಸಲ ಎಳೆದು, ತಿರುಗಿಸಿ ಇನ್ನೊಂದು ಬದಿಯಲ್ಲಿ ವಾಪಸ್ ಎಳೆದು, ಅದನ್ನು ಎಸೆಯಬೇಕು. ಸಾಲದಿದ್ದರೆ ಹೊಸದು ತೆಗೆಯಬೇಕು. ಮೊದಲು ಮತ್ತು ಆಮೇಲೆ ನನ್ನ ಎದುರಿಗೇ ಎಫ್22ರಲ್ಲಿ ಫೋಟೋ ತೆಗೆದು ಕೊಡಬೇಕು. ನನಗಷ್ಟೇ ಅಲ್ಲ, ಇನ್ನು ಮುಂದೆ ಬರುವ ಎಲ್ಲರಿಗೂ ಹೀಗೇ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ‘ಫಂಗಸ್’ ಎಂಬ ಸಾಲನ್ನು ದಾಖಲೆಯಿಂದ ತೆಗೆದು, ತೆಗೆದಿದ್ದೇವೆ ಎಂದು ಲಿಖಿತವಾಗಿ ತಿಳಿಸಿ. 2,124 ರೂಪಾಯಿ ವಾಪಸ್ ಮಾಡಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬೇಕು. ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸುತ್ತೇನೆ. ಅಲ್ಲಿಯೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕ ತಾನು ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಕೊಟ್ಟಿದೆ, ಹಾಗಾಗಿ ಮಡಿಕೇರಿಯಲ್ಲೇ ಕೊಡುತ್ತೇನೆ. ಅಲ್ಲಿಯವರೆಗೆ ಹೋಗುವ ಇಷ್ಟ ನನಗಿಲ್ಲ. ನಿಮ್ಮಲ್ಲಿ ಒಳ್ಳೆಯ ಕೆಲಸಗಾರರಿದ್ದಾರೆ. ಹಿಂದೊಮ್ಮೆ ಲೆನ್ಸ್ ರಿಪೇರಿ ಚೆನ್ನಾಗಿಯೇ ಮಾಡಿಕೊಟ್ಟಿದ್ದಿರಿ.

ಬಿಲ್, ಎರಡು ಬಗೆಯ ಜಾಬ್ ಶೀಟ್, ಏಪ್ರಿಲ್ 28ರ ಬೆಳಿಗ್ಗೆ ಮತ್ತು ರಾತ್ರಿಯ ಪರೀಕ್ಷೆಯ ಫೋಟೋಗಳು, ಕೌಂಟರ್‌ನಲ್ಲಿ ಎಫ್4ರಲ್ಲಿ ತೆಗೆದ ಫೋಟೋ, ಇವುಗಳ ಪ್ರತಿಗಳನ್ನು ಜೊತೆಗೆ ಇಟ್ಟಿದ್ದೇನೆ. ರಾ ಫೈಲುಗಳು ಬೇಕಿದ್ದರೆ ಪೆನ್‌ಡ್ರೈವ್‌ನಲ್ಲಿ ತರುತ್ತೇನೆ. ಸೆನ್ಸರ್ ಅನ್ನು ಅಂದಿನಿಂದ ನಾನಾಗಲಿ ಬೇರೆಯವರಾಗಲಿ ಮುಟ್ಟಿಲ್ಲ. ಗೆರೆ ಹಾಗೇ ಇದೆ, ಬಂದು ನೋಡುವವರಿಗೆ ಕಾಣುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿಯುವ ಮುಂಚೆ ಇನ್ನೆರಡು ಮದುವೆ ಇವೆ, ಸ್ನೇಹಿತರ ಕ್ಯಾಮೆರಾ ಎಷ್ಟು ದಿನ ಕೇಳಲಿ? ದಿನ ಹೇಳಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡು, ಮೊದಲ ಬಸ್ಸಿಗೇ ಬರುತ್ತೇನೆ.

ಇಂತಿ ನಿಮ್ಮ ಗ್ರಾಹಕ,
ಮಡಿಕೇರಿ