ಬಾಸ್ಫರಸ್ ಬಾಗಿಲಲ್ಲಿ ನಮ್ಮ ಎಣ್ಣೆ: ವಿದೇಶಾಂಗ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಾದ ಶ್ರೀ ಎಸ್. ಜೈಶಂಕರ್ ಅವರಿಗೆ,

ನಮಸ್ಕಾರಗಳು.

2025ರ ಮೇ ತಿಂಗಳ ಭಾರತ-ಪಾಕ್ ಸಂಘರ್ಷದ ನಂತರ ಟರ್ಕಿ ಎಂಬ ಹೆಸರು ನಮ್ಮಲ್ಲಿ ಕೇಳಿಬರುವುದೇ ಡ್ರೋನು, ಪಾಕಿಸ್ತಾನ ಮತ್ತು ಬಹಿಷ್ಕಾರದ ಜೊತೆಗೆ. ಆ ಸಿಟ್ಟಿಗೆ ಕಾರಣವಿದೆ, ಅದನ್ನು ಬಿಟ್ಟುಬಿಡಿ ಎಂದು ಕೇಳಲು ಈ ಪತ್ರ ಬರೆದಿಲ್ಲ. ಅದೇ ದೇಶದ ಕೈಯಲ್ಲಿ, ಕಪ್ಪು ಸಮುದ್ರದಿಂದ ಹಡಗುಗಳು ಹೊರಬರುವ ಬಾಸ್ಫರಸ್ ಜಲಸಂಧಿಯ ಬೀಗದ ಕೈಯೂ ಇದೆ. ಉಕ್ರೇನ್ ಯುದ್ಧದುದ್ದಕ್ಕೂ ಟರ್ಕಿ ಆ ಬೀಗವನ್ನು ಹೇಗೆ ಹಾಕಿತು, ಎಲ್ಲಿ ತೆಗೆಯಿತು, ಎಲ್ಲಿ ಎಡವಿತು ಎಂಬುದರ ಲೆಕ್ಕವನ್ನು ತಮ್ಮ ಸಚಿವಾಲಯ ಇನ್ನಷ್ಟು ಗಂಭೀರವಾಗಿ ಇಟ್ಟುಕೊಳ್ಳಬೇಕು ಎಂಬುದಷ್ಟೇ ನಮ್ಮ ಮಾತು.

ಬಾಸ್ಫರಸ್‌ನ ಉದ್ದ ಸುಮಾರು 31 ಕಿಲೋಮೀಟರು. ತೀರಾ ಇಕ್ಕಟ್ಟಾದ ಕಡೆ ಅಗಲ 700 ಮೀಟರಿನಷ್ಟೇ. ಒಡೆಸ್ಸಾದಿಂದ ಹೊರಟ ಉಕ್ರೇನಿನ ಸರಕು, ನೊವೊರೊಸ್ಸಿಸ್ಕ್‌ನಿಂದ ಹೊರಟ ರಷ್ಯದ ಸರಕು, ರೊಮೇನಿಯಾದ ಕಾನ್‌ಸ್ಟಾಂಟಾ ಬಂದರಿನಿಂದ ಹೊರಟದ್ದು, ಎಲ್ಲವೂ ಹೊರಬರುವುದು ಇದೇ ಕಿಂಡಿಯಿಂದ. ಯುದ್ಧಕ್ಕೆ ಮುಂಚೆ ನಮ್ಮ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದು, ಆಮೇಲೆ ರಷ್ಯದ ಪಾಲು ಮೇಲೆ ಬಂತು. ಮಾರುವವನು ಬದಲಾದ, ಬಾಗಿಲು ಬದಲಾಗಲಿಲ್ಲ. ಆ ಬಾಗಿಲನ್ನು ದಾಟದೆಯೇ ಎಣ್ಣೆ ಬರುವ ದೊಡ್ಡ ಮೂಲವೆಂದರೆ ಅರ್ಜೆಂಟೀನ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯ ತಾಳೆಎಣ್ಣೆ ರಫ್ತನ್ನೂ ಮೂರು ವಾರ ನಿಲ್ಲಿಸಿದಾಗ ಅಡುಗೆಮನೆಯ ಲೆಕ್ಕ ಹೇಗೆ ತಲೆಕೆಳಗಾಯಿತು ಎಂಬುದು ಎಲ್ಲರಿಗೂ ನೆನಪಿದೆ.

ಈ ಬಾಗಿಲಿನ ಕಾನೂನು 1936ರ ಜುಲೈ 20ರಂದು ಸಹಿಯಾದ ಮಾಂಟ್ರೊ ಒಪ್ಪಂದ. ಅದರ ಪೀಠಿಕೆಯಲ್ಲಿ ಬ್ರಿಟನ್ ದೊರೆಗೆ ‘ಭಾರತದ ಚಕ್ರವರ್ತಿ’ ಎಂಬ ಬಿರುದಿದೆ, ಸಹಿ ಹಾಕಿದ ದೇಶಗಳ ಸಾಲಿನಲ್ಲಿ ಭಾರತವಿಲ್ಲ. ಒಪ್ಪಂದದ ಪ್ರಕಾರ ವ್ಯಾಪಾರಿ ಹಡಗಿಗೆ ದಾರಿ ಮುಕ್ತ. ಯುದ್ಧನೌಕೆಗೆ ಮಾತ್ರ ಕಟ್ಟುಪಾಡು. ಕಪ್ಪು ಸಮುದ್ರದ ದಡದಲ್ಲಿಲ್ಲದ ದೇಶಗಳ ನೌಕೆ ಒಳಗೆ 21 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಅವುಗಳ ಒಟ್ಟು ತೂಕಕ್ಕೂ ಮಿತಿಯಿದೆ. ಯುದ್ಧಕಾಲಕ್ಕೆ ಮುಖ್ಯವಾದದ್ದು 19ನೇ ವಿಧಿ: ಟರ್ಕಿ ಹೋರಾಟದಲ್ಲಿ ಇಲ್ಲದಿದ್ದರೆ, ಹೋರಾಡುತ್ತಿರುವ ದೇಶಗಳ ಯುದ್ಧನೌಕೆಗಳಿಗೆ ದಾರಿ ಬಂದ್. ತನ್ನ ನೆಲೆಯಿಂದ ಹೊರಗುಳಿದ ನೌಕೆ ನೆಲೆಗೆ ಮರಳುವುದಕ್ಕೆ ಮಾತ್ರ ವಿನಾಯಿತಿ.

2022ರ ಫೆಬ್ರವರಿ 27ರಂದು ಅಂಕಾರಾ, ಅಂದರೆ ಟರ್ಕಿ ಸರ್ಕಾರ, ಉಕ್ರೇನ್ ಮೇಲಿನ ರಷ್ಯದ ದಾಳಿಯನ್ನು ‘ಯುದ್ಧ’ ಎಂದು ಕರೆಯಿತು. ಮಾಸ್ಕೋ ‘ವಿಶೇಷ ಸೇನಾ ಕಾರ್ಯಾಚರಣೆ’ ಎನ್ನುತ್ತಿದ್ದಾಗ ಆ ಒಂದು ಪದಕ್ಕೆ ಬೆಲೆಯಿತ್ತು, ಏಕೆಂದರೆ ಯುದ್ಧ ಎನ್ನದೆ 19ನೇ ವಿಧಿ ಏಳುವುದಿಲ್ಲ. ಮರುದಿನವೇ ದಡದವರು, ದೂರದವರು ಎನ್ನದೆ ಯಾರೂ ಯುದ್ಧನೌಕೆ ಕಳಿಸಬೇಡಿ ಎಂದು ಎಲ್ಲ ದೇಶಗಳಿಗೂ ಎಚ್ಚರಿಕೆ ಹೋಯಿತು. ಏಪ್ರಿಲ್ 14ರಂದು ರಷ್ಯದ ಕ್ರೂಸರ್ ಯುದ್ಧನೌಕೆ ‘ಮಾಸ್ಕ್ವಾ’ ಮುಳುಗಿತು. ಅದರ ಜಾಗಕ್ಕೆ ಇನ್ನೊಂದು ಕ್ರೂಸರ್ ತರಲು ರಷ್ಯಕ್ಕೆ ದಾರಿ ಇರಲಿಲ್ಲ.

ಇದು ಉಕ್ರೇನಿಗೆ ಅನುಕೂಲ ಮಾಡಿಕೊಡಲು ಹೂಡಿದ ಆಟವಲ್ಲ ಎಂಬುದಕ್ಕೆ 2024ರ ಜನವರಿ ಸಾಕ್ಷಿ. ಬ್ರಿಟನ್ ಉಕ್ರೇನಿಗೆ ಕೊಟ್ಟ ಎರಡು ಮೈನ್ (ಸಮುದ್ರದಲ್ಲಿ ಹುದುಗಿಸಿದ ಸ್ಫೋಟಕ) ತೆಗೆಯುವ ಹಡಗುಗಳಿಗೂ ಟರ್ಕಿ ಬಾಗಿಲು ತೆರೆಯಲಿಲ್ಲ. ಅದೇ ತಿಂಗಳು 11ರಂದು ಇಸ್ತಾಂಬುಲ್‌ನಲ್ಲಿ ಮೈನ್ ತೆಗೆಯುವ ಕೂಟಕ್ಕೆ ಸಹಿಯಾದಾಗ ಅದರಲ್ಲಿದ್ದವರು ಟರ್ಕಿ, ರೊಮೇನಿಯ, ಬಲ್ಗೇರಿಯ ಮಾತ್ರ. ಮೂವರೂ ನ್ಯಾಟೋದವರು, ಮೂವರೂ ದಡದವರು. ನ್ಯಾಟೋದ ಉಳಿದವರಿಗೆ ಅಲ್ಲಿ ಜಾಗವಿರಲಿಲ್ಲ.

ಆದರೂ ಬೀಗದಲ್ಲಿ ಎರಡು ಸಂದುಗಳಿವೆ. ಮೊದಲನೆಯದು, 19ನೇ ವಿಧಿ ಏಳುವುದು ಯುದ್ಧ ಶುರುವಾದ ಮೇಲೆ. ಯುದ್ಧಕ್ಕೆ ಮುಂಚೆ, 2022ರ ಫೆಬ್ರವರಿ 8 ಮತ್ತು 9ರಂದು ರಷ್ಯದ ಉತ್ತರ ಮತ್ತು ಬಾಲ್ಟಿಕ್ ನೌಕಾಪಡೆಗಳ, ಸೈನಿಕರನ್ನು ದಡಕ್ಕಿಳಿಸುವ ಆರು ದೊಡ್ಡ ಲ್ಯಾಂಡಿಂಗ್ ಹಡಗುಗಳು ಕಾನೂನುಬದ್ಧವಾಗಿಯೇ ಒಳಗೆ ಹೋದವು. ಅದರಲ್ಲಿ ‘ಒಲೆನೆಗೊರ್ಸ್ಕಿ ಗೊರ್ನ್ಯಾಕ್’ 2023ರ ಆಗಸ್ಟ್‌ನಲ್ಲಿ, ‘ಮಿನ್ಸ್ಕ್’ ಸೆಪ್ಟೆಂಬರಿನಲ್ಲಿ ಉಕ್ರೇನಿನ ಏಟು ತಿಂದವು. ಒಳಗೆ ಹೋಗುವಾಗ ಸಲೀಸು, ಬದಲಿ ತರುವಾಗ ಗೋಡೆ. ಎರಡನೆಯದು ನಮ್ಮ ಆಮದುದಾರರಿಗೆ ನೇರವಾಗಿ ತಟ್ಟುವಂಥದ್ದು: ವ್ಯಾಪಾರಿ ಹಡಗಿನ ಹೊಟ್ಟೆಯಲ್ಲಿರುವುದು ಯಾರ ನೆಲದ ಮಾಲು ಎಂದು ಒಪ್ಪಂದ ಕೇಳುವುದಿಲ್ಲ. 2022ರ ಜುಲೈನಲ್ಲಿ ‘ಜಿಬೆಕ್ ಜೋಲಿ’ ಎಂಬ ರಷ್ಯದ ಬಾವುಟದ ಹಡಗು, ರಷ್ಯದ ಹಿಡಿತದಲ್ಲಿದ್ದ ಬೆರ್‌ಡ್ಯಾನ್ಸ್ಕ್‌ನಿಂದ ಧಾನ್ಯ ಹೊತ್ತು ಟರ್ಕಿಯ ಕರಾಸು ಬಂದರಿನೆದುರು ನಿಂತಿತು. ಕದ್ದ ಮಾಲು, ಜಪ್ತಿ ಮಾಡಿ ಎಂದಿತು ಉಕ್ರೇನ್. ಟರ್ಕಿ ಕೆಲವು ದಿನ ನಿಲ್ಲಿಸಿ, ಆಮೇಲೆ ಬಿಟ್ಟುಕಳಿಸಿತು. ಕೀವ್‌ನಲ್ಲಿ ಟರ್ಕಿಯ ರಾಯಭಾರಿಗೆ ಬುಲಾವ್ ಹೋಯಿತು. ಹೀಗಾಗಿ ಸರಕಿನ ಮೂಲ ಸಾಬೀತುಪಡಿಸುವ ಹೊರೆ ಕೊಳ್ಳುವವನ ತಲೆಗೇ ಬೀಳುತ್ತದೆ. ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕಿನ ಸಾಗಣೆ ಪತ್ರ) ಲೋಡಿಂಗ್ ಬಂದರಿನ ಹೆಸರಿದ್ದರೆ ಸಾಲದು, ಹಡಗು ಎಲ್ಲಿದೆ ಎಂದು ತಿಳಿಸುವ ಅದರ ಎ.ಐ.ಎಸ್. ಸಂಕೇತ ನಡುವೆ ಎಷ್ಟು ದಿನ ಆರಿತ್ತು ಎಂಬುದನ್ನೂ ನೋಡಬೇಕು.

ಇನ್ನು, ಯುದ್ಧದ ನಡುವೆಯೂ ಉಕ್ರೇನಿನ ಬಂದರುಗಳಿಂದ ಧಾನ್ಯ ಹೊರಬರಲು ದಾರಿ ಮಾಡಿದ ಧಾನ್ಯದ ಒಪ್ಪಂದ. ಇಲ್ಲಿ ಟರ್ಕಿಯನ್ನು ಹೊಗಳಿದವರೂ ತೆಗಳಿದವರೂ ಅದರ ಕಟ್ಟಡವನ್ನು ಸರಿಯಾಗಿ ನೋಡಿದಂತಿಲ್ಲ. 2022ರ ಜುಲೈ 22ರಂದು ಇಸ್ತಾಂಬುಲ್‌ನ ದೊಲ್ಮಬಾಹ್ಚೆ ಅರಮನೆಯಲ್ಲಿ ಸಹಿ ಬಿದ್ದದ್ದು ಒಂದು ಕಾಗದಕ್ಕಲ್ಲ. ಉಕ್ರೇನ್ ಒಂದಕ್ಕೆ, ರಷ್ಯ ಇನ್ನೊಂದಕ್ಕೆ. ಎರಡರಲ್ಲೂ ಟರ್ಕಿ ಮತ್ತು ವಿಶ್ವಸಂಸ್ಥೆ. ಇಬ್ಬರು ವೈರಿಗಳು ಪರಸ್ಪರ ಏನನ್ನೂ ಒಪ್ಪಿಕೊಳ್ಳಲಿಲ್ಲ. ಮರುದಿನವೇ ಒಡೆಸ್ಸಾ ಬಂದರಿಗೆ ಕ್ಷಿಪಣಿ ಬಿತ್ತು. ಹಾಗಿದ್ದೂ ಆಗಸ್ಟ್ 1ರಂದು ‘ರಜೋನಿ’ ಎಂಬ ಹಡಗು 26,000 ಟನ್ನಿಗೂ ಹೆಚ್ಚು ಮೆಕ್ಕೆಜೋಳ ಹೊತ್ತು ಹೊರಟಿತು. ಒಡೆಸ್ಸಾ, ಚೊರ್ನೊಮೊರ್ಸ್ಕ್, ಪಿವ್‌ದೆನ್ನಿ ಎಂಬ ಮೂರು ಬಂದರುಗಳಿಂದ 310 ನಾಟಿಕಲ್ ಮೈಲಿ ಉದ್ದದ, 3 ಮೈಲಿ ಅಗಲದ ಓಣಿಯಲ್ಲಿ ಒಂದು ವರ್ಷದೊಳಗೆ ಸುಮಾರು 3.3 ಕೋಟಿ ಟನ್ ಆಹಾರ ಪದಾರ್ಥ ಹೊರಬಂತು. ಇದು ಸಣ್ಣ ಸಾಧನೆಯಲ್ಲ.

ಕೆಟ್ಟದ್ದು ತಪಾಸಣೆಯಲ್ಲಿ. ಹಡಗು ಹೋಗುವಾಗಲೂ ಬರುವಾಗಲೂ ಇಸ್ತಾಂಬುಲ್ ಬಳಿ ನಾಲ್ಕೂ ಕಡೆಯ ತಪಾಸಕರು ಒಟ್ಟಿಗೆ ಹತ್ತಿ ನೋಡಬೇಕು. ದಿನಕ್ಕೆ ಕನಿಷ್ಠ ಇಷ್ಟು ಹಡಗು ನೋಡಲೇಬೇಕು ಎಂಬ ಸಾಲು ಕಾಗದದಲ್ಲಿ ಇರಲಿಲ್ಲ. ಹಾಗಾಗಿ ಒಪ್ಪಂದ ಮುರಿಯದೆಯೇ ಅದನ್ನು ಉಸಿರುಗಟ್ಟಿಸುವುದು ಸಾಧ್ಯವಾಯಿತು: ತಪಾಸಕರನ್ನು ತಡವಾಗಿ ಕಳಿಸಿದರೆ ಆಯಿತು. 2022ರ ಅಕ್ಟೋಬರಿನಲ್ಲಿ ತಿಂಗಳಿಗೆ 42 ಲಕ್ಷ ಟನ್ ಮುಟ್ಟಿದ್ದ ಸಾಗಣೆ 2023ರ ಮೇ ಹೊತ್ತಿಗೆ 13 ಲಕ್ಷಕ್ಕೆ ಇಳಿಯಿತು. ಕೊನೆಯ ತಿಂಗಳುಗಳಲ್ಲಿ ಪಿವ್‌ದೆನ್ನಿಗೆ ಹೋಗುವ ಹಡಗುಗಳ ನೋಂದಣಿಯನ್ನೇ ರಷ್ಯ ತಡೆಹಿಡಿಯಿತು. ಸಾಲಿನಲ್ಲಿ ನಿಂತ ಪ್ರತಿ ದಿನಕ್ಕೂ ಡೆಮರೇಜ್ (ಹಡಗನ್ನು ಕಾಯಿಸಿದ್ದಕ್ಕೆ ತೆರುವ ದಂಡ) ಬೆಳೆಯುತ್ತದೆ, ವಾರ್ ರಿಸ್ಕ್ ವಿಮೆಯ ಪ್ರೀಮಿಯಂ ಬೆಳೆಯುತ್ತದೆ. ಕೊನೆಗೆ ಅದೆಲ್ಲ ಹೋಗಿ ಕೂರುವುದು ಎಣ್ಣೆ ಪ್ಯಾಕೆಟ್ಟಿನ ದರದ ಮೇಲೆ.

ಅವಧಿಯೂ ಎಡವಟ್ಟಿನದೇ. ಮೊದಲು 120 ದಿನ ಇದ್ದದ್ದು 2023ರ ಮಾರ್ಚ್ ನಂತರ ರಷ್ಯದ ಪಟ್ಟಿನಿಂದ 60 ದಿನಕ್ಕೆ ಬಂತು. ಎರಡು ತಿಂಗಳ ಮುಂದಿನ ಶಿಪ್‌ಮೆಂಟಿಗೆ ಇವತ್ತು ಕರಾರು ಮಾಡುವ ವ್ಯಾಪಾರದಲ್ಲಿ 60 ದಿನದ ಓಣಿ ಎಂದರೆ ಹಡಗು ಬಂದರು ಮುಟ್ಟುವ ಹೊತ್ತಿಗೆ ಬಾಗಿಲು ಇರುತ್ತದೋ ಇಲ್ಲವೋ ಎಂಬ ಜೂಜು. ಇದಕ್ಕೆ ಹೆಣೆದುಕೊಂಡದ್ದು ರಷ್ಯ ಮತ್ತು ವಿಶ್ವಸಂಸ್ಥೆಯ ನಡುವಿನ ಮೂರು ವರ್ಷದ ಪ್ರತ್ಯೇಕ ತಿಳಿವಳಿಕೆ ಪತ್ರ. ರಷ್ಯ ಪಟ್ಟು ಹಿಡಿದಂತೆ ಅದರ ಕೃಷಿ ಬ್ಯಾಂಕನ್ನು ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಸಂದೇಶ ಜಾಲಕ್ಕೆ ಮರಳಿ ಸೇರಿಸುವುದು ವಿಶ್ವಸಂಸ್ಥೆಯ ಕೈಯಲ್ಲಿರಲಿಲ್ಲ, ಟರ್ಕಿಯ ಕೈಯಲ್ಲಂತೂ ಮೊದಲೇ ಇಲ್ಲ. ಕೊಡಲಾಗದ್ದನ್ನು ಅಡ ಇಟ್ಟು ಕಟ್ಟಿದ ಒಪ್ಪಂದ 2023ರ ಜುಲೈ 17ರಂದು ಬಿತ್ತು. 2025ರ ಮಾರ್ಚ್‌ನಲ್ಲಿ ರಿಯಾದ್ ಮಾತುಕತೆಯ ನಂತರ ಕಪ್ಪು ಸಮುದ್ರದ ಕದನವಿರಾಮದ ಮಾತೆದ್ದಾಗ ಮಾಸ್ಕೋ ಮುಂದಿಟ್ಟದ್ದೂ ಇದೇ ಬ್ಯಾಂಕಿನ ಷರತ್ತು.

ಟರ್ಕಿಯ ಮೇಲೆ ನಮಗಿರುವ ನಿಜವಾದ ಆಕ್ಷೇಪ ಇಲ್ಲಿಯದು. 2022ರ ಅಕ್ಟೋಬರ್ 29ರಂದು ರಷ್ಯ ಹಿಂದೆ ಸರಿದಾಗ ಟರ್ಕಿ ಮತ್ತು ವಿಶ್ವಸಂಸ್ಥೆಯ ತಪಾಸಕರು ರಷ್ಯವನ್ನು ಬಿಟ್ಟೇ ಕೆಲಸ ಮುಂದುವರಿಸಿದರು. 31ರಂದು ಹಡಗುಗಳು ಹೊರಟವು, ನವೆಂಬರ್ 2ಕ್ಕೆ ರಷ್ಯ ಮರಳಿತು. ಅದೇ ಧೈರ್ಯ 2023ರ ಜುಲೈನಲ್ಲಿ ಕಾಣಲಿಲ್ಲ. ಆಗಸ್ಟ್ 13ರಂದು ‘ಸುಕ್ರು ಒಕಾನ್’ ಎಂಬ ಹಡಗಿನ ಮೇಲೆ ರಷ್ಯದ ಗಸ್ತು ನೌಕೆ ಎಚ್ಚರಿಕೆಯ ಗುಂಡು ಹಾರಿಸಿ ಸೈನಿಕರನ್ನು ಹತ್ತಿಸಿದಾಗಲೂ ಅಂಕಾರಾದ ದನಿ ತಗ್ಗಿಯೇ ಇತ್ತು. ರಷ್ಯದ ಅನಿಲ, ಟರ್ಕಿಯಲ್ಲಿ ರಷ್ಯ ಕಟ್ಟುತ್ತಿರುವ ಅಕ್ಕುಯು ಅಣುಸ್ಥಾವರ, ಇತ್ತ ಉಕ್ರೇನಿಗೆ ಮಾರಿದ ಬೈರಕ್ತಾರ್ ಡ್ರೋನು, ಇಷ್ಟನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ದನಿ ಹಾಗೆಯೇ ಇರುತ್ತದೆ.

ಲಿಬಿಯದಲ್ಲಂತೂ ವಿಶ್ವಸಂಸ್ಥೆಯ ಶಸ್ತ್ರಾಸ್ತ್ರ ನಿರ್ಬಂಧವನ್ನು ಟರ್ಕಿ ಮೀರಿದೆ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಯೇ ಬರೆದಿದೆ. ನಮ್ಮ ಓದು ಇಷ್ಟು: ತನಗೇ ಅಧಿಕಾರ ಕೊಡುವ ಒಪ್ಪಂದವನ್ನು ಟರ್ಕಿ ಅಕ್ಷರಶಃ ಪಾಲಿಸುತ್ತದೆ, ತನ್ನ ಕೈ ಕಟ್ಟುವುದನ್ನು ಹಾಗೆ ಪಾಲಿಸುವುದಿಲ್ಲ. ಆದ್ದರಿಂದ ಅದರ ಜೊತೆ ವ್ಯವಹರಿಸುವಾಗ ಸ್ನೇಹ, ವೈರ ಎರಡಕ್ಕಿಂತ ಕಾಗದದ ಸಾಲುಗಳಿಗೆ ಹೆಚ್ಚು ಬೆಲೆ.

ಮುಂದೊಮ್ಮೆ ಕಪ್ಪು ಸಮುದ್ರದ ಓಣಿಗೆ ಹೊಸ ಕರಡು ಬರುತ್ತದೆ, ಬಹುಶಃ ಮತ್ತೆ ಇಸ್ತಾಂಬುಲ್‌ನಲ್ಲೇ. ಸೂರ್ಯಕಾಂತಿ ಎಣ್ಣೆಯ ದೊಡ್ಡ ಗಿರಾಕಿಯಾಗಿ ಭಾರತ ಆಗ ಹೊರಗೆ ನಿಂತು ಸ್ವಾಗತಿಸಿದರೆ ಸಾಲದು. ಅವಧಿ ಒಂದು ಬೆಳೆ ವರ್ಷಕ್ಕಿಂತ ಕಡಿಮೆ ಬೇಡ ಎನ್ನಬೇಕು. ದಿನದ ತಪಾಸಣೆಗೆ ಕನಿಷ್ಠ ಸಂಖ್ಯೆ ಬರೆಸಬೇಕು. ಒಬ್ಬರ ತಪಾಸಕರು ಬಾರದಿದ್ದರೆ ಉಳಿದವರು ನೋಡಿ ಬಿಡಬಹುದು ಎಂಬ ಸಾಲನ್ನು, 2022ರ ಅಕ್ಟೋಬರ್ 31ರ ಉದಾಹರಣೆ ಕೊಟ್ಟೇ, ಸೇರಿಸಲು ಕೇಳಬೇಕು. ಬ್ಯಾಂಕು, ನಿರ್ಬಂಧಗಳ ಮಾತು ಬೇರೆ ಕಾಗದಕ್ಕೆ ಹೋಗಲಿ.

ಇಸ್ತಾಂಬುಲ್‌ನಲ್ಲಿ ನಮ್ಮ ಕಾನ್ಸುಲೇಟ್ ಇದೆ. ಜಲಸಂಧಿಯಲ್ಲಿ ಭಾರತಕ್ಕೆ ಬರುವ ಹಡಗುಗಳ ಕಾಯುವಿಕೆ ಎಷ್ಟು ದಿನ, ಶುಲ್ಕ ಎಷ್ಟು ಎಂಬುದನ್ನು ವಾರಕ್ಕೊಮ್ಮೆ ಪ್ರಕಟಿಸಲು ಅದಕ್ಕೆ ಹೇಳಬಹುದು. 2022ರ ಅಕ್ಟೋಬರ್ 7ರಂದು ಟರ್ಕಿ ಜಲಸಂಧಿಯ ಶುಲ್ಕವನ್ನು ನೆಟ್ ಟನ್ನಿಗೆ 0.80 ಡಾಲರಿನಿಂದ ಒಮ್ಮೆಲೇ 4 ಡಾಲರಿಗೆ ಏರಿಸಿತು, ಆಮೇಲೂ ವರ್ಷವರ್ಷ ಏರಿಸುತ್ತಿದೆ. ಇದರ ಲೆಕ್ಕ ಎಣ್ಣೆ ಗಿರಣಿಯವರಿಗಷ್ಟೇ ಬೇಕಾದದ್ದಲ್ಲ. ದೇಶದಲ್ಲಿ ಅತಿ ಹೆಚ್ಚು ಸೂರ್ಯಕಾಂತಿ ಬೆಳೆಯುವ ರಾಜ್ಯ ಕರ್ನಾಟಕ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕ ಶೇ. 20ಕ್ಕೆ ಏರಿ, 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಯಿತು. ಬಾಸ್ಫರಸ್ ದಾಟಿ ಬರುವ ಎಣ್ಣೆಯ ನಿಜವಾದ ಖರ್ಚು ಮೊದಲೇ ಗೊತ್ತಿದ್ದರೆ, ಮುಂದಿನ ಸಲ ಸುಂಕ ಇಳಿಸುವ ತೀರ್ಮಾನವನ್ನು ಕೊಪ್ಪಳ, ರಾಯಚೂರಿನ ರೈತರ ಬಿತ್ತನೆಗೆ ಮುಂಚೆಯೇ ತಿಳಿಸಬಹುದು.

ಇಂತಿ,
ಹಡಗು ಸಾಗಣೆ, ಖಾದ್ಯ ತೈಲದ ಆಮದು ಮತ್ತು ಸಮುದ್ರ ಕಾನೂನಿನಲ್ಲಿ ತೊಡಗಿರುವ ಕೆಲವು ಕನ್ನಡಿಗರು