ಹಸಿರು ಟಿಕ್ ಬಂದ ಮಾತ್ರಕ್ಕೆ ಸಹಿ ಅಸಲಿಯಲ್ಲ

ಮಾನ್ಯ ಸಂಪಾದಕರೇ,

ಡಿಜಿಟಲ್ ಸಹಿ ಇರುವ ಪಿಡಿಎಫ್ ದಾಖಲೆಯನ್ನು ಅಡೋಬಿ ರೀಡರ್‌ನಲ್ಲಿ ತೆರೆದರೆ ಸಹಿಯ ಜಾಗದಲ್ಲಿ ಹಳದಿ ಪ್ರಶ್ನೆ ಚಿಹ್ನೆ, ಪಕ್ಕದಲ್ಲಿ 'ವ್ಯಾಲಿಡಿಟಿ ಅನ್‌ನೋನ್' ಎಂಬ ಬರಹ ಕಾಣುವುದು ಸಾಮಾನ್ಯ. ಇದನ್ನು ಹೋಗಲಾಡಿಸಲು ಎಷ್ಟೋ ಜಾಲತಾಣಗಳು, ಸೈಬರ್ ಸೆಂಟರ್‌ನವರು ಹೇಳಿಕೊಡುವ ಉಪಾಯ ಒಂದೇ. ಸಹಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಸಿಗ್ನೇಚರ್ ಪ್ರಾಪರ್ಟೀಸ್‌ಗೆ ಹೋಗಿ, ಸಹಿದಾರರ ಸರ್ಟಿಫಿಕೇಟ್ (ಸಹಿ ಯಾರದೆಂದು ಹೇಳುವ ಡಿಜಿಟಲ್ ಗುರುತುಪತ್ರ) ತೆರೆದು, ಟ್ರಸ್ಟ್ ಟ್ಯಾಬ್‌ನಲ್ಲಿ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಿ, ಬಂದ ಪ್ರಶ್ನೆಗಳಿಗೆಲ್ಲ ಓಕೆ ಒತ್ತಿ. ಹಳದಿ ಹೋಗಿ ಹಸಿರು ಟಿಕ್ ಬರುತ್ತದೆ. ಈ ಉಪಾಯ ತಪ್ಪು. ಸಹಿ ಯಾರದೆಂದು ಪರೀಕ್ಷಿಸುವ ಕೆಲಸವನ್ನೇ ಅದು ಕೈಬಿಡಿಸುತ್ತದೆ.

ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ ಬಳಸಬಲ್ಲ ಯಾರೇ ಆದರೂ 'ತಹಶೀಲ್ದಾರರು' ಎಂಬ ಹೆಸರಿನ ಸರ್ಟಿಫಿಕೇಟೊಂದನ್ನು ಐದು ನಿಮಿಷದಲ್ಲಿ ತಾವೇ ಹುಟ್ಟಿಸಿ ಪಿಡಿಎಫ್‌ಗೆ ಸಹಿ ಹಾಕಬಹುದು. ಅದನ್ನು ತೆರೆದರೂ ಅದೇ ಹಳದಿ ಚಿಹ್ನೆ. ಮೇಲಿನ ಉಪಾಯ ಮಾಡಿದರೆ ಅದಕ್ಕೂ ಹಸಿರು ಟಿಕ್. ಅಸಲಿಗೂ ನಕಲಿಗೂ ಒಂದೇ ಮದ್ದು ನಾಟುತ್ತದೆಂದರೆ ಮದ್ದಿನಲ್ಲೇ ದೋಷವಿದೆ.

ನಿವೇಶನ ಕೊಳ್ಳುವಾಗ ವಕೀಲರು ಮಾರುವವರ ಕ್ರಯಪತ್ರವೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಇವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಮೂಲ ಪತ್ರದವರೆಗೂ ಹೋಗುತ್ತಾರೆ. ನಡುವೆ ತಕರಾರೇನಾದರೂ ಇದೆಯೇ ಎಂದು ಇಸಿ ತೆಗೆಸುತ್ತಾರೆ. ಸರ್ಟಿಫಿಕೇಟ್ ಸರಪಳಿಯ ಪರೀಕ್ಷೆಯೂ ಇದೇ ಬಗೆಯದು. ಅಧಿಕಾರಿಯ ಸರ್ಟಿಫಿಕೇಟಿಗೆ ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯೋ ಅದರ ಉಪಸಂಸ್ಥೆಯೋ ಸಹಿ ಹಾಕಿರುತ್ತದೆ. ಆ ಸಂಸ್ಥೆಯ ಸರ್ಟಿಫಿಕೇಟಿಗೆ ಸಹಿ ಹಾಕುವವರು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ನೇಮಕವಾದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು, ಅಂದರೆ ಸಿಸಿಎ. ಅವರ ಮೂಲ ಸರ್ಟಿಫಿಕೇಟಿಗೆ 'ಸಿಸಿಎ ಇಂಡಿಯಾ' ಎಂದು ಹೆಸರು, ಕೊನೆಯಲ್ಲಿ 2014, 2022 ಎಂಬಂತೆ ವರ್ಷ. ಮೂಲಕ್ಕಿಂತ ಮೇಲೆ ಯಾರೂ ಇಲ್ಲದ್ದರಿಂದ ಅದು ತನಗೆ ತಾನೇ ಸಹಿ ಹಾಕಿಕೊಂಡಿರುತ್ತದೆ. ಹಾಗಾಗಿ ಅದೊಂದನ್ನು ಮಾತ್ರ ಗಣಿತದಿಂದ ಸಾಬೀತು ಮಾಡಲಾಗದು. ಬೇರೆ ದಾರಿಯಿಂದ ತಂದು ನಂಬಬೇಕು. ಅಡೋಬಿ ರೀಡರ್ ನೋಡುವುದು ತನ್ನದೇ ನಂಬಿಕೆಯ ಪಟ್ಟಿಯನ್ನು. ನಾವು ಸೆಟ್ಟಿಂಗ್ ಬದಲಿಸದ ಹೊರತು ವಿಂಡೋಸ್‌ನ ಪಟ್ಟಿಯನ್ನು ನೋಡುವುದಿಲ್ಲ. ಸರಪಳಿಯ ತುದಿ ಆ ಪಟ್ಟಿಯಲ್ಲಿ ಸಿಗದಿದ್ದರೆ ಹಳದಿ ಚಿಹ್ನೆ ತೋರಿಸುತ್ತದೆ. ಅದರ ಅರ್ಥ 'ನಕಲಿ' ಎಂದಲ್ಲ, 'ನನಗೆ ಗೊತ್ತಿಲ್ಲ' ಎಂದು.

ತಂತ್ರಾಂಶದೊಳಗೆ ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬಹಳಷ್ಟು ಎಡವಟ್ಟು ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ. ಮೊದಲನೆಯದು ಸರಪಳಿ ಕಟ್ಟುವುದು: ಕೈಯಲ್ಲಿರುವ ಸರ್ಟಿಫಿಕೇಟನ್ನು ಕೊಟ್ಟವರ ಹೆಸರು ಹಿಡಿದು, ಅದೇ ಹೆಸರಿನ ಮೇಲಿನ ಸರ್ಟಿಫಿಕೇಟ್ ಹುಡುಕುವುದು. ಹೆಸರೊಂದೇ ಸಾಲದು. ಸಂಸ್ಥೆಯೊಂದು ಹೆಸರು ಉಳಿಸಿಕೊಂಡು ಕೀಲಿ (ಸಹಿ ಹಾಕಲು, ಅದನ್ನು ತಾಳೆ ನೋಡಲು ಬಳಸುವ ಸಂಖ್ಯೆಗಳ ಜೋಡಿ) ಬದಲಿಸಿದ್ದರೆ ಒಂದೇ ಹೆಸರಿನ ಎರಡು ಸರ್ಟಿಫಿಕೇಟ್ ಸಿಗುತ್ತವೆ. ಆಗ ಕೀಲಿಯ ಗುರುತು ಸಂಖ್ಯೆ ಹೋಲಿಸಿ ಸರಿಯಾದದ್ದನ್ನು ಆರಿಸಬೇಕು. ಈ ಗುರುತು ಸಂಖ್ಯೆಯೂ ಸುಳಿವು ಮಾತ್ರ. ಪುರಾವೆ ಎಂದರೆ ಸಹಿಯೇ. ಒಂದು ದಾರಿ ಮುಚ್ಚಿದ್ದರೆ ಹಿಂದಕ್ಕೆ ಬಂದು ಇನ್ನೊಂದನ್ನು ಪ್ರಯತ್ನಿಸಬೇಕು. ಇದನ್ನು ಮಾಡದ ತಂತ್ರಾಂಶಗಳ ಬಣ್ಣ 2020ರ ಮೇ 30ರಂದು ಬಯಲಾಯಿತು. ಅಂದು ಆ್ಯಡ್‌ಟ್ರಸ್ಟ್ ಎಂಬ ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಹೊಸ ಬ್ರೌಸರ್‌ಗಳು ಅದೇ ಸಂಸ್ಥೆಯ ಬೇರೆ ಮೂಲಕ್ಕೆ ಹೋಗುವ ದಾರಿ ಹುಡುಕಿಕೊಂಡವು. ಓಪನ್‌ಎಸ್‌ಎಸ್‌ಎಲ್‌ನ ಹಳೆಯ 1.0 ಸಾಲಿನ ಆವೃತ್ತಿಗಳು ಸರ್ವರ್ ಕಳಿಸಿದ ಹಳೆಯ ದಾರಿಯಲ್ಲೇ ಹೋಗಿ ಗೋಡೆಗೆ ಹಾಯ್ದು ನಿಂತವು. ಸರ್ಟಿಫಿಕೇಟಿನಲ್ಲಿ ತಪ್ಪಿರಲಿಲ್ಲ, ಹುಡುಕಾಟದಲ್ಲಿತ್ತು.

ಎರಡನೆಯದು ಪರೀಕ್ಷೆ. ಇದರ ನಿಯಮ ಅಂತರ್ಜಾಲದ ಮಾನದಂಡ ದಾಖಲೆಯಾದ ಆರ್‌ಎಫ್‌ಸಿ 5280ರ ಆರನೆಯ ಅಧ್ಯಾಯದಲ್ಲಿದೆ. ಪ್ರತಿ ಕೊಂಡಿಯ ಸಹಿ ಮೇಲಿನ ಕೊಂಡಿಯ ಕೀಲಿಗೆ ತಾಳೆಯಾಗಬೇಕು. ಅವಧಿ ಮುಗಿದಿರಬಾರದು. ರದ್ದಾಗಿರಬಾರದು. ನಡುವಿನ ಪ್ರತಿ ಸರ್ಟಿಫಿಕೇಟಿನ 'ಬೇಸಿಕ್ ಕನ್‌ಸ್ಟ್ರೇಂಟ್ಸ್' ಜಾಗದಲ್ಲಿ 'ಇದು ಸಿಎ' (ಅಂದರೆ ಪ್ರಮಾಣೀಕರಣ ಸಂಸ್ಥೆ) ಎಂದು ಬರೆದಿರಬೇಕು, ಬೇರೆ ಸರ್ಟಿಫಿಕೇಟಿಗೆ ಸಹಿ ಹಾಕುವ ಹಕ್ಕು 'ಕೀ ಯೂಸೇಜ್'ನಲ್ಲಿ ಇರಬೇಕು. ಈ ಜಾಗ ನೋಡುವುದನ್ನು ಬಿಟ್ಟರೆ ಸಾಮಾನ್ಯ ಸರ್ಟಿಫಿಕೇಟ್ ಕೊಂಡ ಯಾರೇ ಆದರೂ ತಾವೇ ಪ್ರಾಧಿಕಾರವಾಗಿ ಮತ್ತೊಬ್ಬರ ಹೆಸರಿಗೆ ಸರ್ಟಿಫಿಕೇಟ್ ಕೊಡಬಹುದು. 2002ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಸಿಕ್ಕ ದೋಷ ಇದೇ. ಸರ್ಟಿಫಿಕೇಟಿನಲ್ಲಿ ಕಡ್ಡಾಯ ಎಂದು ಗುರುತಿಸಿದ ವಿಸ್ತರಣೆ (ಹೆಚ್ಚುವರಿ ಮಾಹಿತಿಯ ಜಾಗ) ತಂತ್ರಾಂಶಕ್ಕೆ ಅರ್ಥವಾಗದಿದ್ದರೆ ಸರ್ಟಿಫಿಕೇಟನ್ನೇ ತಿರಸ್ಕರಿಸಬೇಕೇ ಹೊರತು ಹಾರಿಸಿಕೊಂಡು ಹೋಗಬಾರದು.

ನಮ್ಮಲ್ಲಿ ಸಹಿ ಹಾಕುವ ತಂತ್ರಾಂಶ ಬರೆಯುವವರು ಮಾಡುವ ಮೊದಲ ತಪ್ಪು ಸರಪಳಿಯನ್ನು ದಾಖಲೆಯೊಳಗೆ ಇಡದಿರುವುದು. ಸಹಿಯ ಕೀಲಿ ಇಟ್ಟಿರುವ ಯುಎಸ್‌ಬಿ ಟೋಕನ್‌ನಲ್ಲಿ ಎಷ್ಟೋ ಸಲ ಇರುವುದು ಅಧಿಕಾರಿಯ ಸರ್ಟಿಫಿಕೇಟೊಂದೇ. ಜಾವಾ ಭಾಷೆಯ ತಂತ್ರಾಂಶದಲ್ಲಿ ಕೀ ಸ್ಟೋರ್‌ನಿಂದ (ಕೀಲಿ, ಸರ್ಟಿಫಿಕೇಟ್ ಇಡುವ ಕಣಜ) ಸರಪಳಿ ಕೇಳಿದರೆ ಟೋಕನ್‌ನಲ್ಲಿ ಇದ್ದಷ್ಟನ್ನೇ, ಅಂದರೆ ಆ ಒಂದನ್ನೇ ಕೊಡುತ್ತದೆ. ಅದನ್ನೇ ಸಹಿಯಲ್ಲಿ ಹಾಕಿದರೆ ಓದುವವರ ಯಂತ್ರದಲ್ಲಿ ಮೇಲಿನ ಕೊಂಡಿಗಳು ಸಿಗುವುದು ಅದೃಷ್ಟದ ಮಾತು. ಸರ್ಟಿಫಿಕೇಟಿನೊಳಗೆ ಮೇಲಿನವರ ವಿಳಾಸ ಬರೆದಿದ್ದರೂ ಜಾವಾ ಅದನ್ನು ತಾನಾಗಿ ಇಳಿಸಿಕೊಳ್ಳುವುದಿಲ್ಲ. ಆ ಸೌಲಭ್ಯ ಮೊದಲಿಂದ ಆಫ್ ಇರುತ್ತದೆ. ನಡುವಿನ ಸರ್ಟಿಫಿಕೇಟ್‌ಗಳನ್ನು ಕೊಟ್ಟ ಸಂಸ್ಥೆಯ ತಾಣದಿಂದ ಇಳಿಸಿ, ಸಹಿ ಹಾಕುವಾಗಲೇ ಜೊತೆಗೆ ಸೇರಿಸಬೇಕು. ಹೊಸ ಟೋಕನ್ ಬಂದಾಗ ಉಪಸಂಸ್ಥೆ ಬದಲಾಗಿರಬಹುದು, ಆದ್ದರಿಂದ ಹಳೆಯ ಕಡತವನ್ನೇ ಕೋಡ್‌ನಲ್ಲಿ ಬರೆದಿಡಬಾರದು.

ಪರೀಕ್ಷಿಸುವ ಕಡೆಯ ತಪ್ಪು ಇನ್ನೂ ಕೆಟ್ಟದ್ದು. ಓಪನ್‌ಎಸ್‌ಎಸ್‌ಎಲ್ ತೋರಿಸುವ ದೋಷ ಸಂಖ್ಯೆ 20 ಎಂದರೆ ಕೊಟ್ಟವರ ಸರ್ಟಿಫಿಕೇಟ್ ಸಿಗಲಿಲ್ಲ ಎಂದು. 19 ಎಂದರೆ ಸರಪಳಿಯ ತುದಿಯಲ್ಲಿ ಸ್ವಂತ ಸಹಿಯದೊಂದು ಇದೆ, ಅದು ನಂಬಿಕೆಯ ಪಟ್ಟಿಯಲ್ಲಿಲ್ಲ ಎಂದು. ಇದನ್ನು ಕಂಡವರು ಪಿಡಿಎಫ್‌ನೊಳಗಿನ ಸರ್ಟಿಫಿಕೇಟ್‌ಗಳನ್ನೆಲ್ಲ ತೆಗೆದು, ನಂಬಿಕೆಯ ಮೂಲಗಳ ಕಡತಕ್ಕೆ ಸುರಿದು, 'ಓಕೆ ಬಂತು' ಎನ್ನುತ್ತಾರೆ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂದಂತಾಯಿತು. ದಾಖಲೆಯ ಜೊತೆ ಬಂದದ್ದನ್ನು ಸರಪಳಿ ಕಟ್ಟಲು ಮಾತ್ರ ಬಳಸಬೇಕು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಅದಕ್ಕೆಂದೇ 'ಅನ್‌ಟ್ರಸ್ಟೆಡ್' ಎಂಬ ಆಯ್ಕೆಯಿದೆ. ಮೂಲ ಮಾತ್ರ ನಮ್ಮ ಕಡೆಯಿಂದಲೇ ಬರಬೇಕು.

ರದ್ದತಿ ಪರೀಕ್ಷೆಯ ಕತೆ ಬೇರೆ. ರದ್ದಾದವುಗಳ ಪಟ್ಟಿಯನ್ನು ಸಾಮಾನ್ಯವಾಗಿ ಸಾದಾ ಎಚ್‌ಟಿಟಿಪಿಯಲ್ಲಿ (ಗುಪ್ತೀಕರಣವಿಲ್ಲದ ಸಂಪರ್ಕದಲ್ಲಿ), 80ನೇ ಪೋರ್ಟ್‌ನಲ್ಲಿ ಇಟ್ಟಿರುತ್ತಾರೆ. ಪಟ್ಟಿಗೇ ಸಹಿ ಇರುವುದರಿಂದ ತೊಂದರೆಯಿಲ್ಲ. ಕಚೇರಿಯ ಸರ್ವರ್‌ನಿಂದ ಹೊರಗೆ 80ನೇ ಪೋರ್ಟ್ ಮುಚ್ಚಿದ್ದರೆ ಪಟ್ಟಿ ಬರುವುದಿಲ್ಲ, ಪುಟ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ. ಜಾವಾದ ಸರಪಳಿ ಪರೀಕ್ಷೆಯಲ್ಲಿ ರದ್ದತಿ ನೋಡುವುದು ಮೊದಲಿಂದಲೇ ಚಾಲೂ ಇರುತ್ತದೆ. ಅದನ್ನು 'ಫಾಲ್ಸ್' ಮಾಡುವ ಒಂದು ಸಾಲನ್ನು 'ಸದ್ಯಕ್ಕೆ' ಎಂದು ಬರೆಯುತ್ತಾರೆ. ಆ ಸದ್ಯ ಮುಗಿಯುವುದೇ ಇಲ್ಲ. ಫೈರ್‌ವಾಲ್‌ನಲ್ಲಿ ಎರಡು ಮೂರು ವಿಳಾಸ ಬಿಡಿಸುವುದೇ ಸರಿಯಾದ ಪರಿಹಾರ. ರದ್ದತಿ ಬರೀ ಪುಸ್ತಕದ ಮಾತೆಂದು ತಿಳಿಯುವವರು 2014ರ ಜುಲೈ ನೆನೆಯಬಹುದು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಪ್ರಮಾಣೀಕರಣ ವಿಭಾಗದಿಂದ ಗೂಗಲ್ ಡೊಮೇನ್‌ಗಳ ಹೆಸರಿನಲ್ಲಿ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದದ್ದು ಪತ್ತೆಯಾಗಿ, ಆ ಮಧ್ಯದ ಸರ್ಟಿಫಿಕೇಟ್‌ಗಳನ್ನು ಸಿಸಿಎ ರದ್ದು ಮಾಡಿತು. ಭಾರತದ ಮೂಲವನ್ನು ಕ್ರೋಮ್ ಕೆಲವೇ ಡೊಮೇನ್‌ಗಳಿಗೆ ಸೀಮಿತಗೊಳಿಸಿತು. ಫೈರ್‌ಫಾಕ್ಸ್‌ಗೆ ಏನೂ ತಟ್ಟಲಿಲ್ಲ. ಅದರ ಪಟ್ಟಿಯಲ್ಲಿ ಆ ಮೂಲ ಇರಲೇ ಇಲ್ಲ. ಅಂಥ ರದ್ದತಿಯನ್ನು ನೋಡದ ತಂತ್ರಾಂಶಕ್ಕೆ ಅಂದೂ ಎಲ್ಲ ಹಸಿರೇ.

ಕಾಲದ ಪ್ರಶ್ನೆಯನ್ನಂತೂ ಬಹುತೇಕರು ಯೋಚಿಸಿಯೇ ಇರುವುದಿಲ್ಲ. ನಮ್ಮಲ್ಲಿ ಸಹಿಯ ಸರ್ಟಿಫಿಕೇಟ್ ಸಿಗುವುದು ಒಂದರಿಂದ ಮೂರು ವರ್ಷಕ್ಕೆ. ಅಂಕಪಟ್ಟಿ, ಜಮೀನಿನ ದಾಖಲೆ ಬೇಕಾಗುವುದು ಮೂವತ್ತು ವರ್ಷ. ಸಹಿ ಹಾಕಿದ ಗಳಿಗೆಯಲ್ಲಿ ಸರ್ಟಿಫಿಕೇಟ್ ಚಾಲ್ತಿಯಲ್ಲಿತ್ತು ಎಂಬುದಕ್ಕೆ ಪುರಾವೆ ಬೇಕು. ಪಿಡಿಎಫ್‌ನಲ್ಲಿ ಕಾಣುವ ಸಮಯ ಸಹಿ ಹಾಕಿದವರ ಕಂಪ್ಯೂಟರಿನ ಗಡಿಯಾರದ್ದು. ಅದನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಆರ್‌ಎಫ್‌ಸಿ 3161ರ ಪ್ರಕಾರ ಮೂರನೆಯವರ ಟೈಮ್‌ಸ್ಟ್ಯಾಂಪ್ (ಸಮಯದ ಮುದ್ರೆ) ಪಡೆದು ಸಹಿಯಲ್ಲಿ ಸೇರಿಸಬೇಕು, ಅಂದಿನ ರದ್ದತಿ ಮಾಹಿತಿಯನ್ನೂ ಪಿಡಿಎಫ್‌ನಲ್ಲೇ ಇಡಬೇಕು. ಇಲ್ಲೊಂದು ಸಣ್ಣ ತೊಡಕಿದೆ. ಸಹಿಗೆಂದು ಪಿಡಿಎಫ್‌ನಲ್ಲಿ ಮೊದಲೇ ಜಾಗ ಕಾದಿರಿಸಬೇಕು, ಹಲವು ಕೋಡ್‌ಗಳಲ್ಲಿ ಅದು 8192 ಬೈಟ್. ಪೂರ್ತಿ ಸರಪಳಿ, ಟೈಮ್‌ಸ್ಟ್ಯಾಂಪ್, ರದ್ದತಿ ಪಟ್ಟಿ ಎಲ್ಲವನ್ನೂ ಅದರಲ್ಲೇ ತುರುಕಿದರೆ 'ಜಾಗ ಸಾಲದು' ಎಂದು ಸಹಿಯೇ ನಿಲ್ಲುತ್ತದೆ. ಆಗ ಸರಪಳಿ ಕಿತ್ತುಹಾಕುವವರೇ ಹೆಚ್ಚು. ಮಾಡಬೇಕಾದ್ದು ಕಾದಿರಿಸುವ ಜಾಗ ಹೆಚ್ಚಿಸುವುದು, ಮತ್ತು ರದ್ದತಿ ಪಟ್ಟಿಯನ್ನು ಸಹಿಯ ನಂತರ ಡಿಎಸ್‌ಎಸ್ ಎಂಬ ಪ್ರತ್ಯೇಕ ಭಾಗವಾಗಿ ಕಡತದ ಕೊನೆಗೆ ಸೇರಿಸುವುದು.

ಕಾಗದದ ಮಾತೂ ಒಂದಿದೆ. ಪ್ರಿಂಟ್‌ನಲ್ಲಿ ಹಸಿರು ಟಿಕ್ ಇದ್ದರೆ ಅರ್ಜಿ ತೆಗೆದುಕೊಳ್ಳುವ, ಪ್ರಶ್ನೆ ಚಿಹ್ನೆ ಇದ್ದರೆ ವಾಪಸ್ ಕಳಿಸುವ ಪರಿಪಾಠ ನಿಲ್ಲಬೇಕು. ಡಿಜಿಟಲ್ ಸಹಿ ಇರುವುದು ಕಡತದಲ್ಲಿ. ಕಾಗದದ ಮೇಲಿನ ಟಿಕ್ ಬರೀ ಚಿತ್ರ. ಅದಕ್ಕಾಗಿ ಜನ ಸೈಬರ್ ಸೆಂಟರ್‌ಗೆ ಮತ್ತೆ ದುಡ್ಡು ತೆರುವುದು ವ್ಯರ್ಥ.

ಹಾಗಿದ್ದರೆ ಓದುಗರು ಏನು ಮಾಡಬೇಕು? ಸಹಿದಾರರ ಸರ್ಟಿಫಿಕೇಟ್ ತೆರೆದಾಗ ಎಡಗಡೆ ಸರಪಳಿ ಕಾಣುತ್ತದೆ. ತುದಿಯಲ್ಲಿ 'ಸಿಸಿಎ ಇಂಡಿಯಾ' ಇದ್ದರೆ ಆ ಮೇಲಿನ ಸಾಲನ್ನು ಆರಿಸಿ, ಅದರ ಬೆರಳಚ್ಚನ್ನು (ಇಡೀ ಸರ್ಟಿಫಿಕೇಟಿನಿಂದ ಲೆಕ್ಕಹಾಕಿ ತೆಗೆದ ಅಕ್ಷರ, ಅಂಕಿಗಳ ಸಾಲು) ಸಿಸಿಎ ತಾಣದಿಂದ ನೀವೇ ಇಳಿಸಿದ ಮೂಲ ಸರ್ಟಿಫಿಕೇಟಿನ ಬೆರಳಚ್ಚಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಹೆಸರನ್ನು ನಕಲಿ ಮಾಡಬಹುದು, ಬೆರಳಚ್ಚನ್ನು ಆಗದು. ತಾಳೆಯಾದರೆ ಆ ಮೂಲವನ್ನು ಮಾತ್ರ ನಂಬಿಕೆಯ ಪಟ್ಟಿಗೆ ಸೇರಿಸಿ. ಕೆಳಗೆ ಬರುವ ಜಾವಾಸ್ಕ್ರಿಪ್ಟ್ ಮುಂತಾದ ಚೌಕಗಳಿಗೆ ಟಿಕ್ ಹಾಕಬೇಡಿ. ಒಂದು ಮೂಲಕ್ಕೆ ಒಮ್ಮೆ ಮಾಡಿದರೆ ಸಾಕು. ಸರಪಳಿಯಲ್ಲಿ ಒಂದೇ ಸಾಲಿದ್ದರೆ ಅದು ನಕಲಿ ಎಂದೇನಲ್ಲ, ಆದರೆ ಸಾಬೀತಾಗಿಲ್ಲ. ಹಸಿರು ಬಂದ ಮೇಲೂ ಸಹಿದಾರರ ಹೆಸರು, ಸಂಸ್ಥೆ ಓದಿ. ಇದೇ ಮೂಲದ ಕೆಳಗೆ ಖಾಸಗಿ ವ್ಯಕ್ತಿಗಳಿಗೂ ಸರ್ಟಿಫಿಕೇಟ್ ಸಿಗುತ್ತದೆ, ಅವರ ಸಹಿಗೂ ಹಸಿರು ಟಿಕ್ ಬರುತ್ತದೆ.

ಇದರಲ್ಲಿ ಒಂದು ಬಿರುಕು ಉಳಿದಿದೆ. ದಾಖಲೆ, ಸೂಚನೆ, ಬೆರಳಚ್ಚು ಮೂರೂ ಒಂದೇ ಪರದೆಯಲ್ಲಿ ಬಂದರೆ ವಂಚಕರು ಮೂರನ್ನೂ ಬದಲಿಸಬಹುದು. ಶಾ-256 ಎಂಬ ವಿಧಾನದ ಬೆರಳಚ್ಚು ಎಂದರೆ 64 ಅಕ್ಷರ. ನಾಲ್ಕು ನಾಲ್ಕರಂತೆ ಹದಿನಾರು ಗುಂಪು, ಪತ್ರಿಕೆಯಲ್ಲಿ ಎರಡು ಮೂರು ಸಾಲಿನ ಜಾಗ. ಡಿಜಿಟಲ್ ಸಹಿಯ ದಾಖಲೆ ಕೊಡುವ ಇಲಾಖೆಗಳು ಚಾಲ್ತಿಯಲ್ಲಿರುವ ಮೂಲಗಳ ಬೆರಳಚ್ಚನ್ನು ಪತ್ರಿಕಾ ಪ್ರಕಟಣೆಯಾಗಿ ಹೊರಡಿಸಲಿ, ಕಚೇರಿಯ ಸೂಚನಾ ಫಲಕಕ್ಕೂ ಅಂಟಿಸಲಿ, ಮೂಲ ಬದಲಾದಾಗ ಮತ್ತೆ ಹೊರಡಿಸಲಿ. ಜೊತೆಗೆ, ಸಹಿದಾರರ ಸರ್ಟಿಫಿಕೇಟನ್ನೇ ನಂಬಿ ಎಂದು ಹೇಳುವ ಹಳೆಯ ಸೂಚನೆಗಳನ್ನು ತಮ್ಮ ತಾಣಗಳಿಂದ ತೆಗೆದುಹಾಕಲಿ.

ಇಂತಿ,
ಡಿಜಿಟಲ್ ಸಹಿ ತಂತ್ರಾಂಶದ ಕೆಲಸಗಾರರು, ಮೈಸೂರು